ಮೇಲೇಳದ ಮುಳ್ಳು

ಉದ್ದಣ್ಣ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಗಾಜನ್ನು ಮೂರು ಸಲ ಕುಟ್ಟಿದ. ಮುಳ್ಳು ಅಲುಗಲಿಲ್ಲ. ಮನೆ ಬಿಟ್ಟು ಕಾಲು ಗಂಟೆಯಾಗಿದ್ದರೂ ಅದು ತಳದ ಗೆರೆಗಿಂತ ಕೂದಲೆಳೆಯಷ್ಟು ಮಾತ್ರ ಮೇಲಿತ್ತು.

"ಹೀಟರ್ ಹಾಕಪ್ಪ, ಅತ್ತಿಗೆಗೆ ಚಳಿಯಾಗ್ತಿದೆ," ಎಂದರು ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ, ಮೇಸ್ತ್ರಿಯ ತಮ್ಮ.

"ಹಾಕೇ ಇದೀನಿ ಯಜಮಾನ್ರೇ. ಇದು ಹೀಟರಲ್ಲ, ಬೀಸಣಿಗೆ."

ಯಾರೂ ನಗಲಿಲ್ಲ. ಸಾವಿನ ದಿನ ಆಡುವ ಮಾತಲ್ಲವೆಂದು ಹೊಳೆದು ಉದ್ದಣ್ಣ ಕೆಮ್ಮಿದ. ವಾರವಿಡೀ ಶಾಲೆಯ ಮಕ್ಕಳನ್ನು ಸಾಗಿಸುವ ವ್ಯಾನು ಇವತ್ತು ಸ್ಮಶಾನಕ್ಕೆ ಹೊರಟಿತ್ತು. ಮುಂದಿನ ಗಾಡಿಯಲ್ಲಿ, ಪೆಟ್ಟಿಗೆಯೊಳಗೆ, ಗಾಡಿ ರಿಪೇರಿಯ ಮೇಸ್ತ್ರಿ ಹೋಗುತ್ತಿದ್ದರು. ಮಕ್ಕಳ ಅಳತೆಯ ಹಿಂದಿನ ಸೀಟಿನಲ್ಲಿ ಮೊಣಕಾಲುಗಳನ್ನು ಎದೆಗೊತ್ತಿಕೊಂಡು ಅವರ ಹೆಂಡತಿಯೂ ಮಗಳೂ ಕೂತಿದ್ದರು. ಹೆಂಡತಿಯ ಎಡಗಣ್ಣಿಗೆ ಆಪರೇಷನ್ ಆಗಿ ತಿಂಗಳಾಗಿತ್ತು. ಕಪ್ಪು ಕನ್ನಡಕ ಹಾಕಿದ್ದರು. ಮಗಳು ಹನ್ನೊಂದು ವರ್ಷದಿಂದ ಅಪ್ಪನ ಜೊತೆ ಶೆಡ್ಡಿನಲ್ಲಿ ಕೆಲಸ ಮಾಡಿದವಳು. ಬಂದು ಹೋಗುವ ಡ್ರೈವರುಗಳು ಅವಳನ್ನು ಮರಿಮೇಸ್ತ್ರಿ ಎನ್ನುತ್ತಿದ್ದರು.

"ಎಂಜಿನ್ ಬಿಸಿನೇ ಆಗ್ತಿಲ್ಲ. ಡೀಸೆಲ್ ಮಾತ್ರ ನೀರು ಕುಡಿದಂಗೆ ಕುಡೀತಿದೆ," ಎಂದ ಉದ್ದಣ್ಣ. "ಮೇಸ್ತ್ರಿ ನೋಡಿ, ಮೀಟರ್ ಸುಳ್ಳು ಹೇಳ್ತಿದೆ ಕಣಯ್ಯ ಅಂದ್ರು. ಎರಡು ಸಲ ಸೆನ್ಸರ್ ಬದಲಾಯಿಸಿದ್ರು. ಇನ್ನೇನು ಮಾಡ್ತಾರೆ, ಪಾಪ."

"ಅಣ್ಣ ಮೀಟರ್ ಅಂದ್ರೆ ಮೀಟರೇ," ಎಂದರು ಚಿಕ್ಕಪ್ಪ. "ಅವನ ಕೈ ಯಾವತ್ತೂ ಸುಳ್ಳು ಹೇಳಿಲ್ಲ."

"ನಾನೇನೂ ಇಲ್ಲ ಅಂತಿಲ್ಲವಲ್ಲ. ಆದ್ರೂ ಸೋಮವಾರ ಸೇತುವೆ ಆಚೆ ಗ್ಯಾರೇಜಿಗೆ ತೋರಿಸಿಬಿಡೋಣ ಅಂತ. ಬೇಜಾರು ಮಾಡ್ಕೋಬೇಡ ಮರಿಮೇಸ್ತ್ರಿ."

"ಇಲ್ಲ ಉದ್ದಣ್ಣ," ಎಂದಳು ಮಗಳು.

ಸೇತುವೆಯಾಚೆಯವರು ಅರ್ಧ ಗಂಟೆಯಲ್ಲಿ ಕಂಡುಹಿಡಿಯುತ್ತಾರೆ ಎನ್ನುವುದು ಅವಳಿಗೆ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದಾರಲ್ಲ ನಿಮ್ಮ ಮೇಸ್ತ್ರಿ, ಎಂದು ನಗುತ್ತಾರೆ. ಆ ನಗು ಸಂಜೆಯೊಳಗೆ ಊರಿನ ಎಲ್ಲ ಡ್ರೈವರುಗಳ ಬಾಯಿಗೆ ಬರುತ್ತದೆ. ಅಳು ಬರಬೇಕಾದ ಹೊತ್ತಿನಲ್ಲಿ ಅವಳಿಗೆ ಬಂದದ್ದು ಈ ಲೆಕ್ಕಾಚಾರ. ಕಾಲ ಬೆರಳುಗಳು ಚಳಿಗೆ ಮರಗಟ್ಟಿದ್ದವು. ಉಳಿದದ್ದೆಲ್ಲ ಯಾತರಿಂದ ಮರಗಟ್ಟಿತ್ತೋ ತಿಳಿಯಲಿಲ್ಲ.

*

ಅವಳಿಗಾಗ ಹದಿನಾಲ್ಕು. ರಜೆಯ ಬೆಳಿಗ್ಗೆ, ರಾತ್ರಿಯಿಡೀ ನಿಂತು ತಣ್ಣಗಾಗಿದ್ದ ಕಾರೊಂದರ ಬಾನೆಟ್ ಎತ್ತಿ ಅಪ್ಪ ಅವಳನ್ನು ಕರೆದಿದ್ದರು. ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ಮೇಲೆ ಅವಳ ಕೈ ಇಡಿಸಿ, ಗಾಡಿ ಚಾಲೂ ಮಾಡಿದರು.

"ಏನನ್ಸುತ್ತೆ?"

"ತಣ್ಣಗಿದೆ."

"ತಣ್ಣಗೇ ಇರ್ಬೇಕು. ಒಳಗೊಂದು ವಾಲ್ವ್ ಇದೆ, ಬಾಗಿಲು ಇದ್ದ ಹಾಗೆ. ಎಂಜಿನ್ ಬೆಚ್ಚಗಾಗೋವರೆಗೆ ಅದು ನೀರನ್ನ ಆಚೆ ಬಿಡಲ್ಲ. ಹದಕ್ಕೆ ಬಂದ ಮೇಲೆ ತೆರೆದುಕೊಳ್ಳುತ್ತೆ. ಆಗ ಪೈಪು ಇದ್ದಕ್ಕಿದ್ದ ಹಾಗೆ ಬಿಸಿಯಾಗುತ್ತೆ. ಕಾಯಿ."

ಅವಳು ಕಾದಳು. ಐದು ನಿಮಿಷವೋ ಏಳು ನಿಮಿಷವೋ. ಆಮೇಲೆ ಪೈಪಿನೊಳಗೆ ಏನೋ ಹಾದುಹೋದಂತಾಗಿ ಅಂಗೈ ಚುರುಗುಟ್ಟಿತು. ಅವಳು ಕೈ ಎಳೆದುಕೊಂಡಾಗ ಅಪ್ಪ ನಕ್ಕಿದ್ದರು.

"ಚಾಲೂ ಮಾಡಿದ ಎರಡೇ ನಿಮಿಷಕ್ಕೆ ಪೈಪು ಮೆಲ್ಲಗೆ ಬೆಚ್ಚಗಾಗ್ತಾ ಬಂತು ಅನ್ನು, ಬಾಗಿಲು ತೆರೆದೇ ಕೂತಿದೆ ಅಂತ ಅರ್ಥ. ಅಂಥ ಎಂಜಿನ್ ಎಷ್ಟು ಓಡಿದ್ರೂ ಹದಕ್ಕೆ ಬರಲ್ಲ. ಕುದಿಯೋ ಎಂಜಿನ್ನಿಗೆ ಎಲ್ಲರೂ ಹೆದರ್ತಾರೆ ಮಗಳೇ. ತಣ್ಣಗೆ ಓಡೋದನ್ನ ಯಾರೂ ಕೇಳಲ್ಲ. ಅದು ಸದ್ದಿಲ್ಲದೆ ಸವೆಯುತ್ತೆ."

*

ಪೆಟ್ಟಿಗೆ ಇಳಿಸುವ ಮುಂಚೆ ಮುಚ್ಚಳ ತೆಗೆದು ಕೊನೆಯ ಸಲ ನೋಡಲು ಬಿಟ್ಟರು. ಅಪ್ಪನ ಉಗುರುಗಳು ಬೆಳ್ಳಗಿದ್ದವು. ತೊಳೆದವರು ಅಷ್ಟು ಚೆನ್ನಾಗಿ ಉಜ್ಜಿದ್ದರು. ಮೂವತ್ತೆಂಟು ವರ್ಷದಿಂದ ಉಗುರಿನ ಅಂಚಿನಲ್ಲಿ ಉಳಿದಿದ್ದ ಗ್ರೀಸಿನ ಕಪ್ಪು ಗೆರೆ ಇರಲಿಲ್ಲ. ಯಾರೋ ಗುಮಾಸ್ತರ ಕೈಯಂತೆ ಕಂಡಿತು.

"ಮೂರು ದಿನದ ಹಿಂದೆ ನನ್ನ ಹತ್ರ ಮಾತಾಡಿದ್ದಾರೆ," ಎಂದಳು ಪಕ್ಕದ ಬೀದಿಯ ದರ್ಜಿಯ ಹೆಂಡತಿ. "ಕುರ್ಚೀಲಿ ಕೂತಲ್ಲೇ ಹೋದ್ರಂತೆ. ಪುಣ್ಯದ ಸಾವು ಬಿಡಿ."

"ಆ ಕೈಗೆ ಕಣ್ಣಿತ್ತು ರೀ," ಎಂದರು ಇನ್ನೊಬ್ಬರು. "ಮುಟ್ಟಿದ್ರೆ ಸಾಕು, ಹೇಳಿಬಿಡೋರು."

ಚಿಕ್ಕಪ್ಪ ಮಗಳ ಕಿವಿಯ ಹತ್ತಿರ ಬಾಗಿದರು. "ನೋಡು, ಇವತ್ತು ಹೇಳೋ ಮಾತಲ್ಲ. ಆದ್ರೂ ಶೆಡ್ಡಿಗೆ ಬೀಗ ಹಾಕೋಣ. ಜನ ಬರ್ತಿದ್ದದ್ದು ಅವನ ಕೈ ನೋಡಿ. ನಿನ್ನನ್ನ ನೋಡಿ ಯಾರು ಬರ್ತಾರೆ? ಬೇರೆ ಕೆಲಸ ನೋಡೋಣ, ನಾನಿದೀನಿ."

ಅವಳು ಹಿಡಿ ಮಣ್ಣು ಹಾಕಿದಳು. ಅದು ಮುಚ್ಚಳದ ಮೇಲೆ ಬಿದ್ದು ಸದ್ದು ಮಾಡಿತು. ಗುಂಡಿ ತೋಡಿದವನ ಸಲಿಕೆಯ ಹಿಡಿಗೆ ತಂತಿ ಸುತ್ತಿತ್ತು. ಇನ್ನೊಂದು ವಾರ ತಡೆಯುವುದಿಲ್ಲ ಎಂದುಕೊಂಡಳು. ಅಲ್ಲಿಂದ ಹೊರಡುವಾಗ ಅವಳು ನಿಶ್ಚಯಿಸಿಯಾಗಿತ್ತು. ವ್ಯಾನಿನ ತಪ್ಪನ್ನು ತಾನೇ ತಲೆಯ ಮೇಲೆ ಹಾಕಿಕೊಳ್ಳುವುದು. ಶೆಡ್ಡು ಹೋದರೆ ಹೋಗಲಿ, ಅಪ್ಪನ ಕೈಯ ಹೆಸರು ಉಳಿಯಲಿ.

*

ಎಂಟು ತಿಂಗಳ ಹಿಂದೆ ಅಪ್ಪ ಲಾರಿಯೊಂದರ ಸೈಲೆನ್ಸರ್ ಪೈಪಿಗೆ ಕೈ ಆನಿಸಿಕೊಂಡು ಡ್ರೈವರನ ಜೊತೆ ಹರಟುತ್ತ ನಿಂತಿದ್ದರು. ಸುಟ್ಟ ಚರ್ಮದ ವಾಸನೆ ಮೊದಲು ಬಂದದ್ದು ಅವಳ ಮೂಗಿಗೆ. ಓಡಿ ಬಂದು ಆ ಕೈಯನ್ನು ಎಳೆದಳು. ಅಪ್ಪ ತಮ್ಮ ಅಂಗೈಯನ್ನು ಬೇರೆಯವರ ಸಾಮಾನಿನಂತೆ ನೋಡಿದರು.

"ಸಕ್ಕರೆ ಕಾಯಿಲೆ," ಎಂದರು ಡ್ರೈವರ್ ಹೋದ ಮೇಲೆ. "ಬಿಸಿ, ತಣ್ಣಗೆ ಎರಡೂ ಒಂದೇ ಆಗಿದೆ. ನಿಮ್ಮಮ್ಮನಿಗೆ ಹೇಳ್ಬೇಡ. ಚಿಕ್ಕಪ್ಪನಿಗಂತೂ ಬೇಡ, ಊರಿಗೆಲ್ಲ ಡಂಗುರ ಹೊಡೀತಾನೆ."

ಅಂದಿನಿಂದ ಪ್ರತಿ ಗಾಡಿಗೂ ಮೊದಲು ಕೈ ಇಟ್ಟವಳು ಅವಳು. ಪೈಪು ಬಿಸಿಯಿದ್ದರೆ ದೊಡ್ಡ ಸ್ಪ್ಯಾನರ್ ಅಪ್ಪನ ಮುಂದಿಡುತ್ತಿದ್ದಳು, ತಣ್ಣಗಿದ್ದರೆ ಚಿಕ್ಕದು. ಅಪ್ಪ ಆಮೇಲೆ ತಮ್ಮ ಕೈ ಇಟ್ಟು, ಕಣ್ಣು ಮುಚ್ಚಿ, ಹೇಳಬೇಕಾದ್ದನ್ನು ಹೇಳುತ್ತಿದ್ದರು. ಡ್ರೈವರುಗಳು ತಲೆದೂಗುತ್ತಿದ್ದರು. ಒಂದೂ ತಪ್ಪಲಿಲ್ಲ.

ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಅವಳು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಾಗ ಉದ್ದಣ್ಣ ವ್ಯಾನು ತಂದ. ಮುಳ್ಳು ಮೇಲೇಳುತ್ತಿಲ್ಲ ಎಂದು ಹೇಳಿ ಬಿಟ್ಟುಹೋದ. ಎಂಜಿನ್ ಆರಿದ ಮೇಲೆ ಚಾಲೂ ಮಾಡಿ ಅಪ್ಪ ಒಬ್ಬರೇ ಪೈಪಿನ ಮೇಲೆ ಕೈ ಇಟ್ಟರು. ಏನೂ ಗೊತ್ತಾಗಲಿಲ್ಲ. ಹಾಗಾದರೆ ಪೈಪು ತಣ್ಣಗಿದೆ, ವಾಲ್ವ್ ಸರಿಯಿದೆ, ಸುಳ್ಳು ಹೇಳುತ್ತಿರುವುದು ಮೀಟರು. ಅವರ ಕೈಯನ್ನು ನಂಬಿದರೆ ಲೆಕ್ಕ ಸರಿಯಾಗಿಯೇ ಇತ್ತು.

ಅವಳು ಮರಳಿ ಬಂದ ದಿನ ವ್ಯಾನು ಎರಡನೆಯ ಸೆನ್ಸರಿಗಾಗಿ ಶೆಡ್ಡಿನಲ್ಲಿತ್ತು. ಚಾಲೂ ಮಾಡಿ ಮುಟ್ಟಿ ನೋಡಿದಳು.

"ಅಪ್ಪ, ವಾಲ್ವ್ ತೆರೆದುಕೊಂಡು ಕೂತಿದೆ."

ಅಪ್ಪ ಬಹಳ ಹೊತ್ತು ಕೈ ಒರೆಸಿಕೊಂಡರು. "ನಾನು ಮೀಟರ್ ಅಂತ ಹೇಳಿಯಾಗಿದೆ," ಎಂದರು. ದನಿ ಏರಿರಲಿಲ್ಲ. ಅವಳು ಬಾನೆಟ್ ಮುಚ್ಚಿದಳು.

*

ಸ್ಮಶಾನದಿಂದ ಬಂದವರು ಶೆಡ್ಡಿನ ಹಿಂದಿನ ಮನೆಯಲ್ಲಿ ಚಹಾ ಕುಡಿದರು. ಉದ್ದಣ್ಣ ಹೊರಡಲು ಎದ್ದಾಗ ಮಗಳು ಹೇಳಿದಳು. "ಈಗ ಹೋಗ್ಬೇಡಿ. ವ್ಯಾನ್ ನೋಡ್ತೀನಿ. ಎಂಜಿನ್ ಪೂರ್ತಿ ಆರಲಿ."

"ಇವತ್ತಾ? ನಿನಗೆ ತಲೆ ಸರಿ ಇದೆಯೇನೇ?" ಎಂದರು ಚಿಕ್ಕಪ್ಪ.

"ಆರೋಕೆ ಮೂರು ಗಂಟೆಯಾದ್ರೂ ಬೇಕು. ಅಲ್ಲಿವರೆಗೆ ಕೂತಿರಿ."

ಕೂತರು. ಸಾವಿನ ಮನೆಯಲ್ಲಿ ಕೂರುವುದಕ್ಕೊಂದು ನೆವ ಸಿಕ್ಕರೆ ಜನ ಏಳುವುದಿಲ್ಲ. ಮಧ್ಯಾಹ್ನ ಕಳೆದ ಮೇಲೆ ಅವಳು ಬಾನೆಟ್ ಎತ್ತಿದಳು. ತೊಳೆದ ಬಟ್ಟೆಯ ತೋಳು ಮಡಚಿ, ತಣ್ಣನೆಯ ಪೈಪಿನ ಮೇಲೆ ಉದ್ದಣ್ಣನ ಕೈ ಇಡಿಸಿ, ಗಾಡಿ ಚಾಲೂ ಮಾಡಿದಳು. ಏಳೆಂಟು ಜನ ಸುತ್ತ ನಿಂತಿದ್ದರು.

ಎರಡು ನಿಮಿಷ. ಮೂರು.

"ಬೆಚ್ಚಗಾಗ್ತಿದೆ," ಎಂದ ಉದ್ದಣ್ಣ.

"ಆಗಬಾರದು. ವಾಲ್ವ್ ಮುಚ್ಚಿಕೊಳ್ತಿಲ್ಲ. ಮೀಟರ್ ಮೊದಲಿಂದಲೂ ನಿಜಾನೇ ಹೇಳ್ತಿದೆ."

"ಹಾಗಾದ್ರೆ ಮೇಸ್ತ್ರಿ..." ಎಂದ ಉದ್ದಣ್ಣ.

"ಅಪ್ಪ ನೋಡಿರಲಿಲ್ಲ. ನೋಡಿದವಳು ನಾನು. ಮೀಟರ್ ಅಂತ ನಾನು ಹೇಳಿದ್ದನ್ನ ಅವರು ನಿಮಗೆ ಹೇಳಿದ್ರು. ತಪ್ಪು ನಂದು."

ಚಿಕ್ಕಪ್ಪ ನಿಟ್ಟುಸಿರು ಬಿಟ್ಟರು. "ಇದಕ್ಕೇ ಕಣಮ್ಮ ನಾನು ಹೇಳಿದ್ದು. ಅಣ್ಣನ ಕೈ ಬಿದ್ದಿದ್ರೆ ಹೀಗಾಗ್ತಿತ್ತಾ?"

"ಸುಳ್ಳು ಹೇಳ್ಬೇಡ."

ಎಲ್ಲರೂ ತಿರುಗಿದರು. ಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದರು.

"ಈ ವ್ಯಾನು ಬಂದಾಗ ನೀನು ಆಸ್ಪತ್ರೆಲಿ ನನ್ನ ಪಕ್ಕ ಕೂತಿದ್ದೆ. ಉದ್ದಣ್ಣ, ಅವರ ಕೈ ಸತ್ತು ವರ್ಷದ ಮೇಲಾಗಿತ್ತು. ಕೈ ಸುಡದಿರಲಿ ಅಂತ ಮೂರು ಹೊತ್ತೂ ಅನ್ನ ಆರಿಸಿ ತಟ್ಟೆಗೆ ಹಾಕಿದವಳು ನಾನು. ನನಗೆ ಗೊತ್ತಿಲ್ಲ ಅಂದುಕೊಂಡೇ ಹೋದ್ರು. ಆಮೇಲಾಮೇಲೆ ಗಾಡಿಗಳನ್ನೆಲ್ಲ ನೋಡ್ತಿದ್ದವಳು ಇವಳು. ಒಂದೇ ಒಂದನ್ನ ಅವರೊಬ್ಬರೇ ನೋಡಿದ್ರು, ಅದು ಇದು."

"ಅಮ್ಮ," ಎಂದಳು ಮಗಳು.

"ನಗೋರು ನಗಲಿ. ಅವರು ಇಲ್ಲ. ನೀನು ಇದೀಯ."

ಮಗಳಿಗೆ ಸಿಟ್ಟೂ ಬರಲಿಲ್ಲ, ಹಗುರವೂ ಆಗಲಿಲ್ಲ. ಉದ್ದಣ್ಣನ ಮುಖವನ್ನೇ ಕಾಯುತ್ತ ನಿಂತಳು.

ಅವನು ನಗಲಿಲ್ಲ. "ಆರು ತಿಂಗಳ ಹಿಂದೆ ಇದರದ್ದೇ ಬೇರಿಂಗ್ ಹೋಗಿತ್ತು. ಅದನ್ನ ಹಿಡಿದವಳು ನೀನಾ?"

"ಹೂಂ."

"ಹೊಸ ವಾಲ್ವ್ ಯಾವಾಗ ಸಿಗುತ್ತೆ?"

"ನಾಳೆ ತರಿಸ್ತೀನಿ."

"ಹಾಗಾದ್ರೆ ವ್ಯಾನ್ ಇಲ್ಲೇ ಇರಲಿ. ನಡ್ಕೊಂಡು ಹೋಗ್ತೀನಿ." ಅವನು ಪೈಪಿನಿಂದ ಕೈ ತೆಗೆದು ಪಕ್ಕಕ್ಕೆ ಸರಿದ.

ತೆರವಾದ ಜಾಗಕ್ಕೆ ಚಿಕ್ಕಪ್ಪ ಬಂದರು. ಗಾಡಿಯ ಗಂಧಗಾಳಿ ಗೊತ್ತಿಲ್ಲದ ಮನುಷ್ಯ. ಕಪ್ಪು ಕೋಟಿನ ತೋಳನ್ನೂ ಮಡಚದೆ ಪೈಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ನಿಂತಲ್ಲೇ ಓಡುತ್ತಿದ್ದ ಎಂಜಿನ್ ನಿಧಾನವಾಗಿ ಬಿಸಿಯೇರುತ್ತಿತ್ತು. ಸುತ್ತಲಿನವರು ಒಬ್ಬೊಬ್ಬರಾಗಿ ಒಳಗೆ ಹೋದರು. ಚಿಕ್ಕಪ್ಪನ ಬೆರಳುಗಳು ಕೆಂಪಾದವು. ಅಣ್ಣ ಕೈ ಇಟ್ಟಿದ್ದ ಆ ಪೈಪನ್ನೇ ನೋಡುತ್ತಿದ್ದರು.

"ಚಿಕ್ಕಪ್ಪ, ಕೈ ತೆಗೀರಿ. ಸುಡುತ್ತೆ."

"ಗೊತ್ತಾಗ್ತಿದೆ," ಎಂದರು ಅವರು. ಕೈ ತೆಗೆಯಲಿಲ್ಲ.