ನಾಗಭೂಷಣನ ಜೇಬಿನ ಪಿನ್ನು

ಸರ್ವಮಂಗಳಳಿಗೆ ಗಂಡನ ಮೇಲೆ ಅನುಮಾನ ಹುಟ್ಟಿದ್ದು ಒಂದು ಪಿನ್ನಿನಿಂದ. ಮದುವೆಯಾದ ಹೊಸತರಲ್ಲಿ ಬಟ್ಟೆ ನೆನೆಹಾಕುವಾಗ ನಾಗಭೂಷಣನ ಅಂಗಿಯ ಜೇಬಿನಲ್ಲಿ ಸಿಕ್ಕಿತ್ತು. ಹೆಂಗಸರು ಸೆರಗಿಗೆ ಚುಚ್ಚಿಕೊಳ್ಳುವ ಸಣ್ಣ ಪಿನ್ನು. ಆಮೇಲೆ ಆಗಾಗ ಸಿಗುತ್ತಲೇ ಹೋಯಿತು. ಪಿನ್ನು ಇಲ್ಲದ ದಿನ ಅಂಗಿಯ ಎಡಭುಜದ ಮೇಲೆ ಜರಿಯ ಎಳೆ ಅಂಟಿರುತ್ತಿತ್ತು. ಬಲಭುಜದ ಮೇಲೆ ಒಂದು ದಿನವೂ ಇಲ್ಲ. ಗಂಡಸಿನ ಎಡಭುಜಕ್ಕೇ ತಲೆಯಿಟ್ಟು ನಿಲ್ಲುವ ಹೆಂಗಸು ಎಷ್ಟು ಎತ್ತರ ಇರಬಹುದು ಎಂದು ಅವಳು ಒಗೆಯುವ ಕಲ್ಲಿನ ಮುಂದೆ ಕೂತು ಯೋಚಿಸಿದ್ದುಂಟು.

ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು. "ಸೀರೆ ಅಂಗಡೀಲಿ ಕೆಲಸ ಮಾಡೋನ ಜೇಬಲ್ಲಿ ಪಿನ್ನು ಸಿಗದೆ ಸೌಟು ಸಿಗ್ತದೇನೇ?"

ಮಾತು ಸರಿಯಾಗಿಯೇ ಇತ್ತು. ನಾಗಭೂಷಣ ತುಮಕೂರಿನ ದೊಡ್ಡ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಗುಬ್ಬಿಯ ಬಾಡಿಗೆ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಅಲ್ಲಿ ಅವನಷ್ಟು ಸೀರೆ ಮಾರುವವನು ಇನ್ನೊಬ್ಬನಿಲ್ಲ ಎಂದು ಗುಬ್ಬಿಯವರೂ ಹೇಳುತ್ತಿದ್ದರು. ಆದರೆ ಹೆಂಡತಿಯನ್ನು ಅವನು ಆ ಅಂಗಡಿಯೊಳಕ್ಕೆ ಒಂದು ಸಲವೂ ಕರೆದುಕೊಂಡು ಹೋಗಲಿಲ್ಲ. ಹಬ್ಬ ಬಂದರೆ ಅವಳ ಸೀರೆಯನ್ನು ತಾನೇ ಆರಿಸಿ ತರುತ್ತಿದ್ದ. ಬಣ್ಣ, ಅಂಚು ಎಲ್ಲ ಅವಳಿಗೆ ಎಷ್ಟು ಒಪ್ಪುತ್ತಿದ್ದವೆಂದರೆ ಅದರಿಂದಲೂ ಅವಳ ಅನುಮಾನ ಬೆಳೆಯಿತು. ಹೆಂಗಸಿನ ಮೈಗೆ ಏನು ಒಪ್ಪುತ್ತದೆಂದು ಗಂಡಸಿಗೆ ಯಾರು ಕಲಿಸುತ್ತಾರೆ?

ತೊಂಬತ್ತೆಂಟರ ಯುಗಾದಿಗೆ ನಾಗಭೂಷಣ ಕೆಲಸ ಬಿಟ್ಟು ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ತೆರೆದ. ಹೆಂಡತಿಯ ಹೆಸರನ್ನೇ ಹಿಡಿದು ಬೋರ್ಡಿನ ಮೇಲೆ 'ಮಂಗಳ ಸ್ಯಾರೀಸ್' ಎಂದು ಬರೆಸಿದ. ಬೇರೆ ಹೆಂಗಸಾಗಿದ್ದರೆ ಹಿಗ್ಗುತ್ತಿದ್ದಳೇನೋ. ಇಷ್ಟು ದೊಡ್ಡ ಅಕ್ಷರದಲ್ಲಿ ಹೆಂಡತಿಯ ಹೆಸರು ಹಾಕಿಸುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಇವಳಿಗೆ ಅನ್ನಿಸಿತು. ಹೆಸರು ತನ್ನದಾದ ಮೇಲೆ ತಾನು ಮನೆಯಲ್ಲಿ ಕೂರುವುದೇಕೆ ಎಂದುಕೊಂಡು, ಅಡುಗೆ ಮುಗಿಸಿ ಅಂಗಡಿಗೆ ಬಂದು, ಬಾಗಿಲ ಪಕ್ಕ ಸ್ಟೂಲ್ ಹಾಕಿಕೊಂಡು ಕೂರತೊಡಗಿದಳು.

ಅವಳು ನೋಡಿದ ನಾಗಭೂಷಣ ಊರವರು ಹೊಗಳುತ್ತಿದ್ದ ನಾಗಭೂಷಣನಾಗಿರಲಿಲ್ಲ. ಪ್ಯಾಂಟು ಬಿಟ್ಟು ಬಿಳಿ ಪಂಚೆ ಉಟ್ಟಿದ್ದ. ಹಣೆ ತುಂಬ ವಿಭೂತಿ ಬಳಿದುಕೊಂಡು ಗಲ್ಲಾ ಹಿಂದೆ ಕೂತಿರುತ್ತಿದ್ದ. ಸೀರೆ ಬಿಚ್ಚಿ ಹಾಸುವ ಕೆಲಸವೆಲ್ಲ ತಿಮ್ಮೇಶನದು. ಅವನು ಮೊದಲು ಸಿಮೆಂಟ್ ಗೋಡೌನಿನಲ್ಲಿದ್ದವನು, ಸೀರೆಯನ್ನೂ ಮೂಟೆ ಇಳಿಸಿದ ಹಾಗೇ ಇಳಿಸುತ್ತಿದ್ದ. ಬಂದ ಹೆಂಗಸರು ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, "ಇನ್ನೊಂದ್ ಕಡೆ ನೋಡ್ಕಂಡು ಬರ್ತೀವಿ" ಎಂದು ಎದ್ದು ಹೋಗುತ್ತಿದ್ದರು. ಹೋದವರು ಬರುತ್ತಿರಲಿಲ್ಲ.

"ತುಮಕೂರಲ್ಲೂ ಹಿಂಗೇ ಕೂತಿರ್ತಿದ್ರಾ?" ಎಂದು ಅವಳು ಒಂದು ದಿನ ಕೇಳಿದಳು.

"ಅಲ್ಲಿ ನಾನು ಕೆಲಸದೋನು. ಇಲ್ಲಿ ಓನರು. ಓನರು ಓನರಂಗೆ ಇರ್ಬೇಕು."

"ಓನರಂಗೆ ಇದ್ಕಂಡೇ ಬಾಗ್ಲು ಹಾಕ್ಬೇಕಾಗ್ತದೆ."

ಅವನು ಚಿಲ್ಲರೆ ಹುಡುಕುವವನಂತೆ ಗಲ್ಲಾ ತೆರೆದ. ಒಳಗೆ ಸುರುಳಿ ಸುತ್ತಿಟ್ಟ ಹಳೇ ಬೆಲ್ಟು ಕಂಡಿತು. ತುಮಕೂರಿಗೆ ಹೋಗುವಾಗ ದಿನಾ ಕಟ್ಟುತ್ತಿದ್ದ ಬೆಲ್ಟು ಅದು.

"ಪಂಚೆ ಉಡೋರಿಗೆ ಬೆಲ್ಟ್ ಯಾಕ್ರೀ?"

"ಇರ್ಲಿ ಬುಡು" ಎಂದು ಅವನು ಗಲ್ಲಾ ಮುಚ್ಚಿದ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೂ ವ್ಯಾಪಾರ ಏಳಲಿಲ್ಲ. ಅದರ ಮಾರನೇ ವಾರ ತುಮಕೂರಿನ ಹಳೇ ಓನರು ವೆಂಕಟರಂಗಯ್ಯನವರೇ ಕಾರಿನಲ್ಲಿ ಬಂದರು. ಅಂಗಡಿಯನ್ನು ಸುತ್ತ ನೋಡಿದರು. ಹಿಂದಿನ ಗೋಡೆಯ ಆಳೆತ್ತರದ ಕನ್ನಡಿ ನೋಡಿದರು. ಕೊನೆಗೆ ಸ್ಟೂಲಿನ ಮೇಲಿದ್ದ ಸರ್ವಮಂಗಳಳನ್ನು ನೋಡಿ, ಏನೋ ಅರ್ಥವಾದವರಂತೆ ತಲೆಯಾಡಿಸಿದರು.

"ನಿನ್ನ ಸ್ಟಾಕು ನಾನು ತಗೋತೀನಿ ಭೂಷಣ. ಈ ಬಾಗಿಲು ಹಾಕಿ ವಾಪಸ್ ಬಾ. ನಿನ್ನ ಜಾಗ ಹಂಗೇ ಐತೆ. ಸೋಮವಾರದೊಳಗೆ ಒಂದು ಫೋನ್ ಮಾಡು."

ಆ ದಿನ ಊಟಕ್ಕೆ ಕೂತಾಗ ನಾಗಭೂಷಣ, "ಹೋಗಿಬಿಡಾಣ ಅನ್ಸತ್ತೆ ಕಣೇ" ಎಂದ. ಸ್ವಂತ ಅಂಗಡಿ ಮುಚ್ಚಿ ಮತ್ತೆ ಇನ್ನೊಬ್ಬರ ಕೈಕೆಳಗೆ ಹೋಗುವವನ ಮುಖ ಇಳಿದಿರಬೇಕು. ಇವನ ಮುಖದಲ್ಲಿ ಗೆಲುವಿತ್ತು. ಅವಳು ಮುದ್ದೆಗೆ ಸಾರು ಬಡಿಸುತ್ತ ಆ ಗೆಲುವನ್ನೇ ನೋಡಿದಳು. ತುಮಕೂರಿನಲ್ಲಿ ಆ ಪಿನ್ನಿನವಳು ಇದ್ದಾಳೆ ಎಂದುಕೊಂಡಳು.

ಎರಡು ದಿನಕ್ಕೆ ಅವಳ ಅನುಮಾನಕ್ಕೆ ಸಾಕ್ಷಿಯೂ ಬಂದು ನಿಂತಿತು. ಹೆಸರು ಲಕ್ಷ್ಮೀದೇವಮ್ಮ. ನಿಟ್ಟೂರು ಕಡೆಯ ಮೇಷ್ಟರ ಹೆಂಡತಿ, ಕೈತುಂಬ ಬಳೆ. ಅಂಗಡಿಯೊಳಗೆ ಕಾಲಿಟ್ಟವಳೇ ನಗುತ್ತ, "ಏನಣ್ಣ, ತುಮಕೂರಲ್ಲಿ ನಿಮ್ಮನ್ನ ಹುಡುಕಿ ಹುಡುಕಿ ಸಾಕಾಯ್ತು. ಇಲ್ಲಿ ಬಂದು ಸೇರ್ಕಂಡಿದೀರಾ? ಏಳಿ ಏಳಿ, ನಂಗೆ ನೀವೇ ಆಗ್ಬೇಕು" ಎಂದಳು.

ನಾಗಭೂಷಣ ಸ್ಟೂಲಿನ ಕಡೆ ಕಣ್ಣು ಹಾಯಿಸಿದ. "ಯಾರು ಅಂತ ಗೊತ್ತಾಗ್ಲಿಲ್ಲಮ್ಮ. ತಿಮ್ಮೇಶ, ಇವ್ರಿಗೆ ಏನ್ ಬೇಕು ನೋಡು."

"ಗೊತ್ತಾಗ್ಲಿಲ್ವಾ? ಹೋದ ದೀಪಾವಳೀಲಿ ಅಷ್ಟೊತ್ತು ನನ್ನ ಮುಂದೆ..." ಲಕ್ಷ್ಮೀದೇವಮ್ಮ ಮಾತು ನಿಲ್ಲಿಸಿ ಸ್ಟೂಲಿನ ಕಡೆ ತಿರುಗಿದಳು. "ಓ, ಮನೆಯವ್ರು ಇದಾರೆ. ಆಯ್ತು ಬುಡಿ, ಇವ್ರು ಇಲ್ಲದಾಗ ಬರ್ತೀನಿ."

ಅವಳು ಹೋದ ಮೇಲೆ ತಿಮ್ಮೇಶ ಮಡಿಸಿದ ಸೀರೆಯನ್ನೇ ಮತ್ತೆ ಮಡಿಸಿದ. ಸರ್ವಮಂಗಳ, ಇಷ್ಟು ವರ್ಷ ಕೇಳಿ ಬಂದದ್ದು ಸುಳ್ಳು ಉತ್ತರ, ಇನ್ನು ತಾನೇ ಹೋಗಿ ನೋಡುವುದು ಎಂದು ನಿರ್ಧರಿಸಿದಳು.

ಶನಿವಾರ ಹೆಬ್ಬೂರಿನ ಅಕ್ಕನ ಮನೆಗೆ ಎಂದು ಹೇಳಿ ತುಮಕೂರಿನಲ್ಲಿ ಇಳಿದಳು. ದೊಡ್ಡ ಅಂಗಡಿಯಲ್ಲಿ ವೆಂಕಟರಂಗಯ್ಯನವರು ಕಾಣಲಿಲ್ಲ. ಗಿರಾಕಿಯಂತೆ ಒಳಗೆ ಹೋಗಿ ಗಾದಿಯ ಮೇಲೆ ಕೂತಳು. ಕನ್ನಡಕದ ವಯಸ್ಸಾದ ಸೇಲ್ಸ್‌ಮನ್ ಬಂದ. ಅವನೇ ಗಂಗಣ್ಣ ಎಂದು ಗಂಡನ ಬಾಯಲ್ಲಿ ಕೇಳಿದ ಮಾತಿನಿಂದ ಗುರುತು ಹಿಡಿದಳು. ಅವನಿಗೆ ಇವಳ ಗುರುತಿರಲಿಲ್ಲ.

"ಭೂಷಣಣ್ಣ ಇಲ್ವಾ?"

"ನೀವೂ ಅವನ ಗಿರಾಕಿನಾ?" ಗಂಗಣ್ಣ ನಿಟ್ಟುಸಿರಿಟ್ಟ. "ಬಂದೋರೆಲ್ಲ ಅವನನ್ನೇ ಕೇಳ್ತಾರೆ ಕಣವ್ವ. ನಾವೂ ಸೀರೆ ಭುಜದ ಮೇಲೆ ಹಾಕ್ಕಂಡು ತೋರಿಸ್ತೀವಿ. ಆದ್ರೆ ಅವನು ಉಟ್ಟಂಗೆ ಯಾರೂ ಉಡಲ್ಲ. ನೆರಿಗೆ ಹಿಡ್ದು ಬೆಲ್ಟಿಗೆ ಸಿಗ್ಸಿ, ಸೆರಗಿಗೆ ಪಿನ್ನು ಹಾಕಿ ಒಂದು ಸುತ್ತು ತಿರುಗಿದ್ರೆ ಮುಗೀತು. ಬ್ಯಾಡ ಅಂತ ಎದ್ದೋರೂ ಕೂತ್ಕಳೋರು."

ಸರ್ವಮಂಗಳ ಮುಂದಿದ್ದ ಸೀರೆಯ ಅಂಚನ್ನು ಬಿಡದೆ ಹಿಡಿದುಕೊಂಡಿದ್ದಳು. "ಎಲ್ಲಿ ಕಲಿತ್ರು ಅದನ್ನ?"

"ಹುಟ್ಟೂರಲ್ಲಿ, ಎಡಿಯೂರ ಹತ್ರ. ನಾಟಕದಲ್ಲಿ ಹೆಣ್ಣು ಪಾತ್ರ ಹಾಕ್ತಿದ್ದ. ಮದ್ವೆ ಮಾತಾಡುವಾಗ ಹುಡುಗಿ ಕಡೆಯೋರಿಗೆ ಹಾರ್ಮೋನಿಯಂ ಬಾರಿಸ್ತಿದ್ದೆ ಅಂತ ಹೇಳವ್ನೆ. ಆಮೇಲೆ ಮಾವಂಗೆ ಗೊತ್ತಾಗಿ, ದೇವ್ರ ಮುಂದೆ ನಿಲ್ಸಿ ಆಣೆ ಹಾಕಿಸ್ಕಂಡವ್ರೆ, ಇನ್ಮೇಲೆ ಮೈಮೇಲೆ ಸೀರೆ ಹಾಕಲ್ಲ ಅಂತ."

"ಇಲ್ಲಿ ಹಾಕ್ತಿದ್ರಲ್ಲ ಮತ್ತೆ?"

"ಇದು ಹೊಟ್ಟೆಪಾಡು. ದೇವ್ರಿಗೆ ಅರ್ಥ ಆಗ್ತದೆ, ಹೆಂಡ್ರಿಗೆ ಆಗಲ್ಲ" ಎಂದು ಗಂಗಣ್ಣ ನಕ್ಕ. "ಈಗ ನೋಡಿ, ಗುಬ್ಬೀಲಿ ಅಂಗಡಿ ಹಾಕವ್ನೆ, ಹೆಂಡ್ತಿ ಬಂದು ಬಾಗಿಲಲ್ಲೇ ಕೂತ್ಕತಾಳಂತೆ. ಅವಳೆದುರಿಗೆ ಉಡ್ತಾನಾ? ನಮ್ಮ ಓನರು ಅದನ್ನ ಕಣ್ಣಾರೆ ನೋಡ್ಕಂಡೇ ಬಂದವ್ರೆ. ಇನ್ನೇನು ವಾಪಸ್ ಬರ್ತಾನೆ ಬುಡಿ."

ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇನ್ನೊಬ್ಬ ಹೆಂಗಸಿದ್ದಿದ್ದರೆ ಬೈಯಬಹುದಿತ್ತು, ಕುಣಿಗಲ್ಲಿಗೆ ಹೋಗಿ ಅಪ್ಪ ಮಹಾದೇವಯ್ಯನ ಮುಂದೆ ಅಳಬಹುದಿತ್ತು. ಇಲ್ಲಿ ಯಾರನ್ನು ಬೈಯುವುದು? ಹೆಣ್ಣು ನೋಡಲು ಬಂದ ದಿನ ಒಳಮನೆಯಲ್ಲಿ ನಿಂತು ಅಪ್ಪನಿಗೆ ಹೇಳಿದ ಮಾತು ಅವಳಿಗೆ ನೆನಪಿತ್ತು. "ನಾಟಕದಲ್ಲಿ ಸೀರೆ ಉಡೋನು ಅಂತ ಯಾರೋ ಅಂದ್ರಪ್ಪ. ಹಂಗಿದ್ರೆ ನಂಗೆ ಬ್ಯಾಡ." ಆ ಮಾತಿಗೆ ಹೆದರಿ ಆ ಮನುಷ್ಯ ಮನೆಯಲ್ಲಿ ಒಬ್ಬನಾಗಿ, ತುಮಕೂರಿನಲ್ಲಿ ಇನ್ನೊಬ್ಬನಾಗಿ ಬದುಕಿದ್ದ. ಅಂಗಡಿಗೆ ಬೇಕಾದವನು ತುಮಕೂರಿನವನು. ಅವನು ಗುಬ್ಬಿಗೆ ಬರದಂತೆ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತದ್ದು ತಾನು.

ಹಾಗೆಂದು ಅವಳು ಕರಗಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿ ಇಷ್ಟನ್ನು ಮುಚ್ಚಿಟ್ಟವನು ಇನ್ನೆಷ್ಟನ್ನು ಮುಚ್ಚಿಟ್ಟಿರಬಹುದು ಎಂದು ಗುಬ್ಬಿ ತಲುಪುವವರೆಗೂ ಯೋಚಿಸಿದಳು.

ಭಾನುವಾರ ಮಧ್ಯಾಹ್ನ ಕಡಬದ ಕಡೆಯವರು ಧಾರೆ ಸೀರೆಗೆಂದು ಟೆಂಪೋದಲ್ಲಿ ಬಂದರು. ಮದುವಣಗಿತ್ತಿ, ಅವಳ ತಾಯಿ, ಅಜ್ಜಿ, ಅತ್ತೆಯರ ದಂಡು. ತಿಮ್ಮೇಶ ರಾಶಿ ಹಾಕಿದ. ಹುಡುಗಿ ಒಂದನ್ನೂ ಸರಿಯಾಗಿ ನೋಡಲಿಲ್ಲ. ತಾಯಿ, "ಏಳ್ರೇ, ತುಮಕೂರಿಗೇ ಹೋಗಾಣ" ಎಂದು ಚಪ್ಪಲಿಗೆ ಕಾಲು ಚಾಚಿದಳು. ನಾಗಭೂಷಣ ಗಲ್ಲಾ ಹಿಂದಿನಿಂದ ಸುಮ್ಮನೆ ನೋಡುತ್ತಿದ್ದ.

"ಕೂತ್ಕಳಿ ಅಕ್ಕ" ಎಂದಳು ಸರ್ವಮಂಗಳ. "ನಮ್ಮನೆಯವ್ರು ಉಟ್ಟು ತೋರಿಸ್ತಾರೆ."

ತಿಮ್ಮೇಶನ ಕೈ ನಿಂತಿತು. ನಾಗಭೂಷಣ ಮೆಲ್ಲಗೆ, "ಮಂಗಳ" ಎಂದ.

"ಬೆಲ್ಟು ಗಲ್ಲಾದಲ್ಲೇ ಐತಲ್ಲ."

"ಯಾರು ಹೇಳಿದ್ರು?"

"ಗಿರಾಕಿ ನಿಂತವ್ರೆ."

ಅವನು ಎದ್ದು ಬಂದು ತನ್ನನ್ನು ಎಲ್ಲರೆದುರು ಬೈಯುತ್ತಾನೋ, ಆಚೆ ಹೋಗಿಬಿಡುತ್ತಾನೋ ಎಂದು ಅವಳು ಕಾದಳು. ಅವನು ಗಲ್ಲಾ ತೆರೆದ. ಪಂಚೆಯ ಮೇಲೆ ಬೆಲ್ಟು ಬಿಗಿದ. ರಾಶಿಯನ್ನೆಲ್ಲ ಪಕ್ಕಕ್ಕೆ ತಳ್ಳಿ, ತಿಮ್ಮೇಶ ತೆಗೆಯದೇ ಬಿಟ್ಟಿದ್ದ ಒಂದು ಸೀರೆಯನ್ನು ಮೇಲಿನ ಹಲಗೆಯಿಂದ ತಾನೇ ಇಳಿಸಿದ. ಅರಿಶಿನದ ಒಡಲು, ಕುಂಕುಮದ ಅಂಚು. ಕೆಳಗೆ ನೋಡದೆ ನೆರಿಗೆ ಹಿಡಿದ. ಬೆರಳುಗಳು ತಾವೇ ನಡೆದವು. ಸೆರಗನ್ನು ಎಡಭುಜಕ್ಕೆ ಹಾಕಿಕೊಂಡು ಜೇಬಿಗೆ ಕೈಯಿಟ್ಟ. ಜೇಬಿನಲ್ಲಿ ಏನೂ ಇರಲಿಲ್ಲ. ಗುಬ್ಬಿಯಲ್ಲಿ ಅಂಗಡಿ ಹಾಕಿದ ಮೇಲೆ ಅವನು ಪಿನ್ನು ಇಟ್ಟುಕೊಂಡಿರಲಿಲ್ಲ.

ಸರ್ವಮಂಗಳ ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಅವನ ಕಡೆ ಚಾಚಿದಳು. ಅವನು ಅವಳ ಮುಖ ನೋಡದೆ ತೆಗೆದುಕೊಂಡ.

ಆಮೇಲೆ ತಿರುಗಿದ. ಮೀಸೆ, ವಿಭೂತಿ, ಕೈಗಡಿಯಾರ ಎಲ್ಲ ಹಾಗೇ ಇದ್ದವು. ಆದರೂ ಹುಡುಗಿ ಮುಂದಕ್ಕೆ ಬಗ್ಗಿದಳು. ಅಜ್ಜಿ, "ನಮ್ಮ ಹುಡುಗಿ ಇಷ್ಟು ಚೆಂದ ಕಾಣದಿದ್ರೆ ಏನಪ್ಪ ಮಾಡೋದು?" ಎಂದಳು. ಎಲ್ಲರೂ ನಕ್ಕರು. ನಾಗಭೂಷಣನೂ ನಕ್ಕು, "ಅವ್ರು ಉಟ್ರೆ ನಾನು ಅಂಗಡಿ ಬಿಟ್ಟು ಓಡೋಗ್ಬೇಕು ಅಜ್ಜಿ" ಎಂದ. ಅಷ್ಟು ಹಗುರವಾದ ದನಿಯನ್ನು ಸರ್ವಮಂಗಳ ಅವನಿಂದ ಕೇಳಿಯೇ ಇರಲಿಲ್ಲ. ಧಾರೆ ಸೀರೆಯ ಜೊತೆಗೆ ಅತ್ತೆಯರ ಸೀರೆಗಳೂ ಅಲ್ಲೇ ಆದವು.

ಅವಳು ಆ ವ್ಯಾಪಾರವನ್ನು ನೋಡಲಿಲ್ಲ. ಕನ್ನಡಿಯನ್ನು ನೋಡುತ್ತಿದ್ದಳು. ಗಿರಾಕಿಗಳ ಕಡೆ ಬೆನ್ನು ತಿರುಗಿದಾಗ ಅವನ ಕಣ್ಣು ಕನ್ನಡಿಗೆ ಹೋಗಿ ಅಲ್ಲೇ ಒಂದು ಗಳಿಗೆ ನಿಂತಿತ್ತು. ಬಹಳ ದಿನದ ಮೇಲೆ ಯಾರನ್ನೋ ಕಂಡವನ ಮುಖವಾಗಿತ್ತು ಅದು. ಮದುವೆಯ ದಿನವೂ ಆ ಮುಖ ಅವಳಿಗೆ ಸಿಕ್ಕಿರಲಿಲ್ಲ.

ಸಂಜೆ ತಿಮ್ಮೇಶ ಹೋದ ಮೇಲೆ ಷಟರ್ ಎಳೆಯುತ್ತ ನಾಗಭೂಷಣ ಕೇಳಿದ. "ತುಮಕೂರಿಗೆ ಯಾವಾಗ ಹೋಗಿದ್ದೆ?"

"ಹೆಬ್ಬೂರಿಗೆ ಹೋದಾಗ."

"ನೀನೇ ಬ್ಯಾಡ ಅಂದಿದ್ದಂತೆ. ಮಾವ ಹೇಳಿದ್ರು."

"ಅಂದಿದ್ದೆ. ಆಗ ಅಂಗಡಿ ಇರ್ಲಿಲ್ಲ."

"ಊರೋರು ಆಡ್ಕತಾರೆ ಕಣೇ. ಕುಣಿಗಲ್‌ಗೂ ಸುದ್ದಿ ಹೋಗ್ತದೆ."

"ಅಪ್ಪ ಬಂದ್ರೆ ಅಮ್ಮಂಗೊಂದು ಸೀರೆ ಕೊಂಡ್ಕಂಡು ಹೋಗ್ಲಿ. ವೆಂಕಟರಂಗಯ್ಯೋರಿಗೆ ನೀವು ಫೋನ್ ಮಾಡ್ತೀರೋ, ನಾನು ಮಾಡ್ಲೋ?"

"ನಾನೇ ಮಾಡಿ ಬರಲ್ಲ ಅಂತೀನಿ" ಎಂದ. ಬೀಗ ಹಾಕಿ ಎರಡು ಸಲ ಎಳೆದು ನೋಡಿದ.

ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಅವಳು ಕೇಳಿದಳು. "ಒಂದು ಕೇಳ್ಲಾ? ಕನ್ನಡೀಲಿ ಏನ್ ನೋಡ್ತಿದ್ರಿ?"

"ನೆರಿಗೆ ಸಮ ಬಿದ್ದಿದ್ಯಾ ಅಂತ ನೋಡ್ದೆ."

ನೆರಿಗೆಯನ್ನು ಅವನು ನೋಡದೆಯೇ ಹಾಕಬಲ್ಲ. ಅದನ್ನು ಮಧ್ಯಾಹ್ನವೇ ಕಂಡಿದ್ದಳು. ಆದರೂ "ಹೂಂ" ಎಂದಳು.

ಸೋಮವಾರ ಅವನು ಪ್ಯಾಂಟು ಹಾಕಿ, ಬೆಲ್ಟು ಕಟ್ಟಿ ತಮ್ಮ ಅಂಗಡಿಗೇ ಹೊರಟ. ಜೇಬಿನಲ್ಲಿ ಅವಳ ಪಿನ್ನು ಇತ್ತು. ಅವನೂ ವಾಪಸ್ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಅಂಗಡಿಗೆ ಬಂದ ಸರ್ವಮಂಗಳ ಬಾಗಿಲ ಪಕ್ಕದ ಸ್ಟೂಲನ್ನು ಎತ್ತಿ ಒಳಗೆ ತಂದು, ಕನ್ನಡಿ ಸರಿಯಾಗಿ ಕಾಣುವ ಕಡೆಗೆ ಹಾಕಿಕೊಂಡು ಕೂತಳು.