ಪಕ್ಕದ ಸೀಟಿನ ಬ್ರೇಕ್

ಮೂರು ವಾರದಿಂದ ಊಟದ ಮೇಜಿನ ಮೇಲೆ ಮೂರು ಕಾರುಗಳು ಬೀಡುಬಿಟ್ಟಿದ್ದವು. ಕಾಗದದ ಕಾರುಗಳು, ಶೋರೂಮಿನವರು ಕೊಟ್ಟ ನುಣುಪು ಹಾಳೆಯ ಪುಸ್ತಿಕೆಗಳು. ಬೂದು ಬಣ್ಣದ್ದಕ್ಕೆ ನಾಲ್ಕು ಬಾಗಿಲು, ನೋಡಲು ಬಲು ಸಾಧು. ನೀಲಿಯದು ಗಿಡ್ಡ, ಅಗಲ ಚಕ್ರದ್ದು, ಜಗಳಕ್ಕೆ ನಿಂತಂಥ ಮುಖದ್ದು. ಕೆಂಪಿಗೆ ಎರಡೇ ಸೀಟು, ಮಡಚಿದರೆ ಹಿಂದಕ್ಕೆ ಹೋಗುವ ಬಟ್ಟೆಯ ಚಾವಣಿ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಬೂದಿಗೆ ಆರು ಪಾಯಿಂಟ್ ಒಂದು ಸೆಕೆಂಡು, ನೀಲಿಗೆ ಐದು ಪಾಯಿಂಟ್ ಒಂಬತ್ತು, ಕೆಂಪಿಗೆ ಐದು ಪಾಯಿಂಟ್ ನಾಲ್ಕು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಮನೆಯ ಯಜಮಾನರಾದ ರೈಟ್ ಟೈಮ್ ಇಷ್ಟನ್ನೂ ತಪ್ಪಿಲ್ಲದೆ ಹೇಳುತ್ತಿದ್ದರು. ಯಾವುದು ಬೇಕು ಅಂತ ಕೇಳಿದರೆ ಮಾತ್ರ ಕಣ್ಣು ಪಿಳಿಪಿಳಿ.

ರೈಟ್ ಟೈಮ್ ಅನ್ನುವುದು, ಒಂದು ನಿಮಿಷವೂ ತಡ ಮಾಡದವರೆಂದು ಜೊತೆ ಕೆಲಸದವರು ಇಟ್ಟ ಹೆಸರು. ಮೂವತ್ತಾರು ವರ್ಷ ರೈಲು ಓಡಿಸಿ ಕಳೆದ ತಿಂಗಳು ನಿವೃತ್ತರಾದವರು. ಗಂಟೆಗೆ ನೂರಾ ಹತ್ತು ಕಿಲೋಮೀಟರ್ ವೇಗದಲ್ಲಿ ಹದಿನೆಂಟು ಬೋಗಿ ಎಳೆದುಕೊಂಡು ಹೋದವರಿಗೆ ವೇಗ ಹೊಸದಲ್ಲ. ಅಪರೂಪದ್ದು ಸ್ಟಿಯರಿಂಗ್. ರೈಲಿಗೆ ಅದಿಲ್ಲ. ಹಳಿ ಎತ್ತ ತಿರುಗುತ್ತದೋ ಅತ್ತ ಇಂಜಿನ್ನು. ಇಂಜಿನ್ನು ಎತ್ತಲೋ ಅತ್ತ ಚಾಲಕ. ನಿವೃತ್ತಿಯಾದ ಮೇಲೆ ಒಂದು ಜೋರಾದ ಕಾರು ಕೊಂಡು ತಾನೇ ಎತ್ತ ಬೇಕೋ ಅತ್ತ ತಿರುಗಿಸಬೇಕು ಅನ್ನುವುದು ಹಳೇ ಆಸೆ. ಅದಕ್ಕಿಂತ ಹಳೆಯದು ಇನ್ನೊಂದಿತ್ತು: ಪಕ್ಕದ ಸೀಟಿನಲ್ಲಿ ಹೆಂಡತಿ ಇರಬೇಕು. ಅಷ್ಟು ವರ್ಷ ಆ ಜಾಗದಲ್ಲಿ ಸಹಾಯಕ ಚಾಲಕರು ಕೂತಿದ್ದರು, ಒಬ್ಬರಾದ ಮೇಲೆ ಒಬ್ಬರು, ಒಟ್ಟು ಮೂವತ್ತೊಂದು ಜನ. ಹೆಂಡತಿ ಬರುವುದಿಲ್ಲ ಅಂದರೆ ಕಾರೇ ಬೇಡ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಆಕೆ ಡ್ರೈವಿಂಗ್ ಸ್ಕೂಲಿನ ಮೇಡಂ. ಇಪ್ಪತ್ತೇಳು ವರ್ಷದಿಂದ ಊರಿನ ಅರ್ಧ ಜನಕ್ಕೆ ಕ್ಲಚ್ಚು ಗೇರು ಕಲಿಸಿದವಳು. ಶಾಲೆಗೆಂದು ಒಂದೇ ಬಿಳಿ ಕಾರು. ಸಂಜೆ ಐದರ ಮೇಲೆ ಅದೇ ಮನೆಯ ಕಾರು. ಕಲಿಸುವವರ ಕಡೆಗೂ ಅದರಲ್ಲೊಂದು ಬ್ರೇಕ್ ಇತ್ತು. ಎರಡೂ ಪೆಡಲುಗಳನ್ನು ಕೆಳಗಿನಿಂದ ಒಂದು ಕಬ್ಬಿಣದ ಸರಳು ಸೇರಿಸುತ್ತಿತ್ತು. ರಜೆಯ ದಿನ ರೈಟ್ ಟೈಮ್ ಕಾರು ಓಡಿಸುತ್ತಿದ್ದದ್ದು ಉಂಟು, ಆದರೆ ಪಕ್ಕದಲ್ಲಿ ಆಕೆಯ ಕಾಲು ಬ್ರೇಕಿನ ಮೇಲೆ ಇದ್ದೇ ಇರುತ್ತಿತ್ತು. ಹಾಗಾಗಿ, ಲೈಸೆನ್ಸ್ ಪಡೆದು ಇಪ್ಪತ್ತಾರು ವರ್ಷವಾದರೂ, ತನಗೆ ಒಂಟಿಯಾಗಿ ಕಾರು ನಿಲ್ಲಿಸಲು ಬರುತ್ತದೋ ಇಲ್ಲವೋ ಅವರಿಗೆ ಖಾತ್ರಿ ಇರಲಿಲ್ಲ.

ಕಾರಿನ ಮಾತು ತೆಗೆದ ದಿನ ಆಕೆ ಬಟ್ಟೆ ಮಡಚುತ್ತಿದ್ದಳು. "ತಗೊಳ್ಳಿ, ಯಾರು ಬೇಡ ಅಂದ್ರು? ನೀವು ಓಡಿಸೋ ಕಾರಲ್ಲಿ ನಾನು ಕೂರಬೇಕಂದ್ರೆ ನನ್ನ ಕಡೆಗೊಂದು ಬ್ರೇಕ್ ಇರಲಿ, ಅಷ್ಟೇ" ಅಂದು ನಕ್ಕಳು.

ರೈಟ್ ಟೈಮ್ ನಗಲಿಲ್ಲ. ಡೈರಿ ತೆಗೆದು 'ಷರತ್ತು ಒಂದು' ಅಂತ ಬರೆದುಕೊಂಡರು.

ಮೊದಲ ಶನಿವಾರ ಇಬ್ಬರೂ ಶೋರೂಮಿಗೆ ಹೋದರು. ಅಲ್ಲಿನ ಮಾರಾಟದ ಹುಡುಗಿಗೆ ಮಾತು ಮುತ್ತು ಪೋಣಿಸಿದ ಹಾಗೆ. ಓಡಿಸಿ ನೋಡುವಾಗ ಅವಳು ಜೊತೆಗಿರಲೇಬೇಕು ಅನ್ನುವುದು ನಿಯಮ. ಕೆಂಪು ಕಾರಿನಲ್ಲಿ ಮೂರನೆಯವರಿಗೆ ಜಾಗವಿಲ್ಲ. ಆದ್ದರಿಂದ ಗಂಡ ಹೆಂಡತಿ ಸರದಿಯ ಮೇಲೆ ಹೋದರು. ಗಂಡ ಓಡಿಸುವಾಗ ಹೆಂಡತಿ ಗಾಜಿನ ಬಾಗಿಲ ಬಳಿ, ಹೆಂಡತಿ ಓಡಿಸುವಾಗ ಗಂಡ ಅದೇ ಜಾಗದಲ್ಲಿ.

"ಸರ್, ಸಿಗ್ನಲ್ ಇನ್ನೂ ಅಷ್ಟು ದೂರ ಇದೆ. ಈಗಲೇ ಯಾಕೆ ಬ್ರೇಕ್ ಒತ್ತಿದ್ರಿ?" ಅಂದಳು ಹುಡುಗಿ.

"ನಿಲ್ಲಬೇಕಲ್ಲಮ್ಮ."

"ಇದು ಮೂವತ್ತಾರು ಮೀಟರಲ್ಲಿ ನಿಲ್ಲುತ್ತೆ ಸರ್. ಇದರ ಹೆಚ್ಚುಗಾರಿಕೆನೇ ಅದು."

"ನನ್ನದಕ್ಕೆ ಒಂದು ಕಿಲೋಮೀಟರ್ ಬೇಕಿತ್ತು."

ಹುಡುಗಿ ಪೆಚ್ಚಾಗಿ ನಕ್ಕು ಸೀಟ್ ಬೆಲ್ಟ್ ಇನ್ನೊಂದಿಷ್ಟು ಬಿಗಿ ಮಾಡಿಕೊಂಡಳು. ಅಷ್ಟು ಸಾಲದು ಎಂಬಂತೆ, ದೀಪ ಹಸಿರಾದಾಗ ರೈಟ್ ಟೈಮ್ "ಹಸಿರು" ಅಂತ ಗಟ್ಟಿಯಾಗಿ ಕೂಗಿ ಸುಮ್ಮನೆ ಕೂತರು. ರೈಲಿನಲ್ಲಿ ಹಾಗೆಯೇ: ಸಿಗ್ನಲ್ಲಿನ ಬಣ್ಣವನ್ನು ಚಾಲಕ ಕೂಗಬೇಕು, ಸಹಾಯಕ ಅದನ್ನೇ ತಿರುಗಿ ಕೂಗಬೇಕು. ಇಬ್ಬರ ಕಣ್ಣಿಗೂ ಒಂದೇ ಬಣ್ಣ ಕಂಡರೆ ಮುಂದಿನ ಮಾತು. ಹುಡುಗಿಗೆ ಇದೆಲ್ಲ ಎಲ್ಲಿ ಗೊತ್ತು? ಹಿಂದಿನಿಂದ ನಾಲ್ಕು ಹಾರ್ನ್ ಒಟ್ಟಿಗೆ ಬಡಿದುಕೊಂಡವು.

ಹೆಂಡತಿ ಕೆಂಪು ಕಾರಿನಿಂದ ಇಳಿದಾಗ ಹೆರಳು ಬಿಚ್ಚಿಹೋಗಿ ತಲೆ ಗುಬ್ಬಿಗೂಡಾಗಿತ್ತು. "ಹೇಗಿತ್ತು?" ಅಂದರೆ ಕೈಚೀಲದಲ್ಲಿ ಬಾಚಣಿಗೆ ಹುಡುಕತೊಡಗಿದಳು. ಬೂದು, ನೀಲಿಗಳನ್ನೂ ಓಡಿಸಿ ಮನೆಗೆ ಬಂದರು. "ಪ್ರತಿಯೊಂದಕ್ಕೂ ಅಂಕ ಕೊಡು. ನೂರಕ್ಕೆ. ನೀನು ಕಲಿಯೋರಿಗೆ ಕೊಡೋ ಹಾಗೆ, ಮುಲಾಜಿಲ್ಲದೆ" ಅಂದರು ಗಂಡ. ಆಕೆ ಶಾಲೆಯ ಅಂಕಪಟ್ಟಿಯನ್ನೇ ತೆಗೆದು ತುಂಬಿಸಿದಳು. ಹಿಂಬದಿ ಕಾಣುವುದು, ಹತ್ತಿ ಇಳಿಯುವುದು, ಸಾಮಾನಿಗೆ ಜಾಗ, ಮಂಡಿಯ ಮೇಲಿನ ಭಾರ, ಹೀಗೆ ಹತ್ತು ಸಾಲು. ಬೂದು ತೊಂಬತ್ತೊಂದು. ನೀಲಿ ಎಂಬತ್ನಾಲ್ಕು. ಕೆಂಪು ನಲವತ್ತೊಂದು.

ರೈಟ್ ಟೈಮ್ ಅವರ ಮುಖ ಇಳಿಯಿತು. ಆದರೂ ಕೆಂಪನ್ನು ಒಂದೇ ಏಟಿಗೆ ಕೈಬಿಡಲು ಮನಸ್ಸಾಗಲಿಲ್ಲ. ಷರತ್ತು ಒಂದು ಏನಾಗುತ್ತದೆ ನೋಡೋಣ ಅಂತ ಭಾವಮೈದನ ಗ್ಯಾರೇಜಿಗೆ ಹೋದರು. ಅಕ್ಕನ ಬಿಳಿ ಕಾರಿಗೆ ಎರಡನೇ ಬ್ರೇಕ್ ಕೂರಿಸಿದವನು ಅವನೇ. ಎಣ್ಣೆ ಹತ್ತಿದ ಕೈಯನ್ನು ಹಳೇ ಅಂಗಿಯ ತುಂಡಿಗೆ ಒರೆಸಿಕೊಳ್ಳುತ್ತಾ ಮೂರೂ ಪುಸ್ತಿಕೆ ತಿರುವಿ ಹಾಕಿದ.

"ಭಾವ, ಒಂದು ಮಾತು ಕೇಳಲಾ? ಐದು ಸೆಕೆಂಡಲ್ಲಿ ನೂರು ಮುಟ್ಟೋ ಗಾಡಿಗೆ ಕಲಿಯೋರ ಬ್ರೇಕು ಯಾಕೆ?"

"ನಿನ್ನ ಅಕ್ಕ ಕೇಳಿದ್ದಾಳೆ."

"ಅಕ್ಕನಾ? ನಿಜವಾಗಿ ಕೇಳಿದಳಾ?"

"ಬರೆದುಕೊಂಡಿದ್ದೀನಿ. ತಾರೀಖು ಬೇಕಾ?"

ಭಾವಮೈದ ತಲೆ ಕೆರೆದುಕೊಂಡ. ಬೂದಿಗೆ ಕೂರಿಸಬಹುದು. ನೀಲಿಗೆ ಸ್ವಲ್ಪ ಕಷ್ಟ, ಆದರೂ ಆಗುತ್ತದೆ. ಕೆಂಪಿನಲ್ಲಿ ಪಕ್ಕದವರ ಕಾಲು ಚಾಚುವ ಜಾಗವೇ ಒಂದು ಗೇಣು; ಅದಕ್ಕೆ ಸಾಧ್ಯವೇ ಇಲ್ಲ. "ಅದರಲ್ಲಿ ಅಕ್ಕನ ಚಪ್ಪಲಿ ಹಿಡಿಸಿದ್ರೆ ಹೆಚ್ಚು" ಅಂದ.

ಮನೆಗೆ ಬಂದವರೇ ಕೆಂಪು ಪುಸ್ತಿಕೆಯನ್ನು ಎತ್ತಿ ರದ್ದಿ ಕಾಗದದ ಮೇಲಿಟ್ಟರು. "ಕೆಂಪು ಬಿಟ್ಟಾಯ್ತು. ಇನ್ನುಳಿದಿದ್ದು ಎರಡು."

ಆಕೆ ಪಾತ್ರೆ ಒರೆಸುತ್ತಿದ್ದಳು. ಕೈ ನಿಂತಿತು. "ಸರಿ ಬಿಡಿ" ಅಂದಳು.

ಮೂವತ್ತಮೂರು ವರ್ಷದ ಸಂಸಾರದಲ್ಲಿ 'ಸರಿ ಬಿಡಿ' ಎಷ್ಟು ತೂಕದ್ದು ಅಂತ ರೈಟ್ ಟೈಮಿಗೆ ಗೊತ್ತಿತ್ತು. ಆದರೆ ಈಗ ಯಾಕೆ ಬಂತು ಅಂತ ಗೊತ್ತಾಗಲಿಲ್ಲ. ನಲವತ್ತೊಂದು ಕೊಟ್ಟವಳು ತಾನೇ? ಮರುದಿನ ಆಕೆಯದು ಇಡೀ ದಿನ ಎಷ್ಟು ಬೇಕೋ ಅಷ್ಟೇ ಮಾತು. ಅದರ ಮರುದಿನವೂ. ಇವರಿಗೋ ಬೂದು ಪುಸ್ತಿಕೆ ತೆರೆದರೆ ನೀಲಿ ಸರಿಯೆನಿಸುವುದು, ನೀಲಿ ತೆರೆದರೆ ಬೂದು. ಎರಡನ್ನೂ ಮುಚ್ಚಿದರೆ ಕಣ್ಣೆದುರು ಆ ಗುಬ್ಬಿಗೂಡಿನಂಥ ತಲೆ. ತಲೆಕೆಟ್ಟು ಗುರುವಾರ ಸಂಜೆ ಕೇಳಿಯೇಬಿಟ್ಟರು.

"ಅಲ್ಲಾ ಇವಳೇ, ಏನಾಗಿದೆ ನಿಂಗೆ?"

"ನಂಗೇನಾಗಿದೆ? ನೀವು ಬೂದು ತಗೊಳ್ಳಿ. ಸಾಮಾನಿಗೆ ಜಾಗ ಇದೆ."

"ನಿನಗೆ ಕೆಂಪು ಇಷ್ಟ ಇಲ್ಲ ಅಂತಲೇ ಬಿಟ್ಟಿದ್ದು!"

"ಇಷ್ಟ ಇಲ್ಲ ಅಂತ ನಾನು ಯಾವಾಗ ಹೇಳ್ದೆ?"

ರೈಟ್ ಟೈಮ್ ಅಂಕಪಟ್ಟಿ ತಂದು ಮುಂದೆ ಹಿಡಿದರು. ಆಕೆ ಕನ್ನಡಕ ಹಾಕಿಕೊಂಡು ಅದನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು.

"ನೀವು ಕೇಳಿದ್ದು ಅಂಕ. ಹಿಂದುಗಡೆ ಏನೂ ಕಾಣಲ್ಲ, ಇಳಿಯುವಾಗ ಮಂಡಿ ಕಿರ್ ಅನ್ನುತ್ತೆ, ಅದಕ್ಕೆಲ್ಲ ಎಂಟು ಒಂಬತ್ತು ಕೊಡಕ್ಕಾಗುತ್ತಾ? ಇಷ್ಟವಾ ಅಂತ ನೀವು ಕೇಳಿದ್ರಾ? ಇಪ್ಪತ್ತೇಳು ವರ್ಷ ಮೂವತ್ತು ದಾಟದ ಗಾಡಿಯಲ್ಲಿ ಕೂತವಳು ರೀ ನಾನು. ಆ ದಿನ ಆ ಕೆಂಪನ್ನ ಹೊರವರ್ತುಲ ರಸ್ತೆಯಲ್ಲಿ ತೊಂಬತ್ತು ಮುಟ್ಟಿಸಿದೆ. ಆ ಹುಡುಗಿ ಕಣ್ಣು ಮುಚ್ಕೊಂಡಿತ್ತು."

"ಮತ್ತೆ ಬ್ರೇಕ್? ಕೆಂಪಿಗೆ ಎರಡನೇ ಬ್ರೇಕ್ ಕೂರಲ್ಲವಂತೆ. ನಿನ್ನ ತಮ್ಮನೇ ಹೇಳಿದ."

"ಯಾವ ಬ್ರೇಕ್?"

ಡೈರಿ ಬಂತು. ಷರತ್ತು ಒಂದು, ತಾರೀಖಿನ ಸಮೇತ. ಆಕೆ ಓದಿದಳು, ಮತ್ತೊಮ್ಮೆ ಓದಿದಳು. ಮೊದಲು ಭುಜ ಕುಲುಕಿತು, ಆಮೇಲೆ ಕುರ್ಚಿ ಕುಲುಕಿತು. ಕಣ್ಣೊರೆಸಿಕೊಂಡು, "ಇದಕ್ಕೆ ಅವನ ಗ್ಯಾರೇಜಿಗೂ ಹೋಗಿದ್ರಾ! ಅವನು ಊರೆಲ್ಲ ಸಾರಿರ್ತಾನೆ" ಅಂದಳು. ರೈಟ್ ಟೈಮಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಾಗಾದರೆ ಬ್ರೇಕ್ ಬೇಡವೇ? ಬೇಡವಾದರೆ ಇಷ್ಟು ವರ್ಷ ಕಾಲು ಅಲ್ಲೇ ಇಟ್ಟಿದ್ದೇಕೆ? ಅದನ್ನು ಕೇಳುವ ಬದಲು, "ಶನಿವಾರ ಮತ್ತೆ ಹೋಗೋಣ, ಈ ಸಲ ಕೆಂಪಿನಲ್ಲಿ ನಾವಿಬ್ಬರೇ" ಅಂದರು.

ಶನಿವಾರ ಹನ್ನೊಂದಕ್ಕೆ ಶೋರೂಮಿನಲ್ಲಿದ್ದರು. ಹುಡುಗಿ ಪೇಚಿಗೆ ಸಿಕ್ಕಳು. ನಿಯಮ ನಿಯಮವೇ, ಜೊತೆಗೆ, ಕೆಂಪು ಕಾರನ್ನು ನೋಡಲು ಹನ್ನೊಂದೂವರೆಗೆ ಇನ್ನೊಬ್ಬರು ಬರುವವರಿದ್ದರು. ಇವರು ಅಷ್ಟರಲ್ಲಿ ಹೂಂ ಅನ್ನದಿದ್ದರೆ ಅವರದ್ದು. ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದು, ಇಬ್ಬರ ಲೈಸೆನ್ಸನ್ನೂ ಒತ್ತೆ ಇಟ್ಟುಕೊಂಡವಳ ಹಾಗೆ ಡ್ರಾಯರಿಗೆ ಹಾಕಿ, ಕೀಲಿ ಕೊಟ್ಟಳು. "ಹನ್ನೊಂದು ಇಪ್ಪತ್ತಕ್ಕೆ ವಾಪಸ್ ಬಂದುಬಿಡಿ ಸರ್."

"ಅದರ ಚಿಂತೆ ಬೇಡ. ಇವರನ್ನ ರೈಟ್ ಟೈಮ್ ಅಂತಾರೆ" ಅಂದಳು ಹೆಂಡತಿ.

ಆಕೆ ಪಕ್ಕದ ಸೀಟಿಗೆ ಇಳಿದಳು. ಆ ಕಾರಿಗೆ ಹತ್ತುವುದಿಲ್ಲ, ಇಳಿಯುವುದೇ. ಮೂವತ್ತೊಂದು ಸಹಾಯಕರ ನಂತರ ಮೂವತ್ತೆರಡನೆಯವಳು ಅಂತ ರೈಟ್ ಟೈಮಿಗೆ ಹೊಳೆಯಿತು. ಹೊರಟರು. ಮೊದಲ ತಿರುವಿನಲ್ಲೇ ಆಕೆಯ ಕಾಲು ನೆಲದ ಮ್ಯಾಟನ್ನು ತುಳಿಯಿತು. ಎರಡನೆಯದರಲ್ಲೂ.

"ನೋಡು, ತುಳಿದೆ" ಅಂದರು.

"ಅಭ್ಯಾಸ. ನೀವು ರಸ್ತೆ ನೋಡಿ."

"ನಂಗೆ ಬರಲ್ಲ ಅಂತ ತಾನೇ ತುಳಿಯೋದು?"

ಮುಂದೆ ನಾಲ್ಕು ರಸ್ತೆ ಸೇರುವ ಕಡೆ ಕೆಂಪು ದೀಪ. ರೈಟ್ ಟೈಮ್ ಎಂದಿನಂತೆ ತುಂಬ ಮೊದಲೇ ಬ್ರೇಕ್ ಮುಟ್ಟಿ, ಗಾಡಿಯನ್ನು ನಯವಾಗಿ ಬಿಳಿ ಗೆರೆಗೆ ತಂದು ನಿಲ್ಲಿಸಿದರು. ಗೆರೆಗೂ ಚಕ್ರಕ್ಕೂ ಒಂದು ಅಂಗೈ ಅಂತರ.

"ಆ ಬಿಳಿ ಕಾರಿನ ಬ್ರೇಕ್ ಇದೆಯಲ್ಲ" ಅಂದಳು ಆಕೆ, ಎದುರಿನ ದೀಪ ನೋಡುತ್ತಾ. "ನೀವು ಒತ್ತಿದ್ರೆ ನನ್ನದೂ ಕೆಳಗಿಳಿಯುತ್ತೆ. ಸರಳು ಒಂದೇ. ಕಲಿಯೋರ ಜೊತೆ ಕೂತಾಗ ನನ್ನ ಕಾಲೇ ಮೊದಲು. ನಿಮ್ಮ ಜೊತೆ ಕೂತಾಗ ಒತ್ತೋಣ ಅಂತ ಕಾಲು ಊರಿದ್ರೆ ಅದು ಆಗಲೇ ಕೆಳಗಿರ್ತಿತ್ತು. ಯಾವಾಗಲೂ."

"ಒಂದು ಸಲಾನೂ ಒತ್ತಿಲ್ವಾ?"

"ಒಂದು ಸಲ. ಮಾರ್ಕೆಟ್ ಹತ್ರ ನಾಯಿ ಅಡ್ಡ ಬಂತಲ್ಲ."

"ಆ ನಾಯಿ ನಾನು ನೋಡಿದ್ದೆ."

"ನೋಡಿದ್ರಿ. ನಾನೇ ಅವಸರ ಮಾಡಿದೆ."

ರೈಟ್ ಟೈಮ್ ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದರು. ಅಷ್ಟು ವರ್ಷ ಗಾಡಿ ನಿಲ್ಲಿಸಿದ್ದು ತಾನೇ, ಆಕೆಯಲ್ಲ. ಹಾಗಾದರೆ ಆಕೆ ಇಂದು ಮ್ಯಾಟು ತುಳಿದದ್ದು? ತಲೆಯೊಳಗೆ ಎಲ್ಲವೂ ಜಾಗ ಬದಲಾಯಿಸುತ್ತಿತ್ತು, ಇನ್ನೂ ಯಾವುದೂ ಕೂತಿರಲಿಲ್ಲ. ಎದುರಿಗೆ ಮೂರು ದಾರಿ. ನೇರ ಹೋದರೆ ಹೊರವರ್ತುಲ, ಒಂದು ಪಕ್ಕ ಕೆರೆಯ ರಸ್ತೆ, ಇನ್ನೊಂದು ಪಕ್ಕ ತಿರುಗಿದರೆ ಶೋರೂಮು. ಹನ್ನೊಂದು ಹದಿನಾಲ್ಕು.

"ಯಾವ ಕಡೆ?" ಅಂದರು.

"ನನ್ನನ್ನೇನು ಕೇಳ್ತೀರಿ? ಇದಕ್ಕೆ ಹಳಿ ಇಲ್ಲ."

ದೀಪ ಬದಲಾಯಿತು.

"ಹಸಿರು" ಅಂದರು ರೈಟ್ ಟೈಮ್, ಗಟ್ಟಿಯಾಗಿ. ಕೂತರು. ಹಿಂದೆ ಒಂದು ಹಾರ್ನ್ ಕೇಳಿತು.

"ಹೋಗ್ರೀ, ಏನು ಕಾಯ್ತಿದ್ದೀರಿ?"

"ನೀನೂ ಹೇಳಬೇಕು."

"ಏನಂತ?"

"ನಿಂಗೇನು ಕಾಣುತ್ತೋ ಅದನ್ನ. ಪಕ್ಕದ ಸೀಟಿನ ಕೆಲಸ ಅದು. ಬ್ರೇಕ್ ಅಲ್ಲ."

ಇನ್ನೂ ಎರಡು ಹಾರ್ನ್ ಸೇರಿಕೊಂಡವು. ಆಕೆ ಕಾಲು ಮೇಲಕ್ಕೆಳೆದುಕೊಂಡು ಸೀಟಿನ ಮೇಲೆ ಸುಖಾಸನ ಹಾಕಿಕೊಂಡಳು, ಆ ಒಂದು ಗೇಣು ಜಾಗದಲ್ಲಿ ಹೇಗೆ ಸಾಧ್ಯವಾಯಿತೋ. "ಹಸಿರು" ಅಂದಳು.

ಕಾರು ನೇರ ಹೋಯಿತು. ಹೊರವರ್ತುಲ ಖಾಲಿ ಇತ್ತು. ಎಂಬತ್ತು ದಾಟಿದಾಗ ಆಕೆಯ ಹೆರಳು ಬಿಚ್ಚಿತು. ತೊಂಬತ್ತಕ್ಕೆ ಆಕೆ ಏನೋ ಕೂಗಿದಳು, ಗಾಳಿಯಲ್ಲಿ ಕೇಳಿಸಲಿಲ್ಲ. ನಿಧಾನಿಸಿ ಅಂತಲೋ, ಇನ್ನಷ್ಟು ಅಂತಲೋ. ರೈಟ್ ಟೈಮಿಗೆ ಅದೂ ತಿಳಿಯಲಿಲ್ಲ; ತಿರುಗಿ ನೋಡಿದರೆ ಕಾಲು ಇನ್ನೂ ಸೀಟಿನ ಮೇಲೆಯೇ ಇತ್ತು.

ಆಕೆಯ ಚೀಲದಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಕಾರಿನ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತಾರು. ವಾಪಸ್ಸು ತಿರುಗುವ ಜಾಗ ಹಿಂದೆಲ್ಲೋ ತಪ್ಪಿಹೋಗಿತ್ತು.

"ಶೋರೂಮಿನ ಹುಡುಗಿ! ಏನಂತ ಹೇಳಲಿ?" ಅಂತ ಆಕೆ ಕಿವಿಯ ಬಳಿ ಬಂದು ಕೂಗಿದಳು.

"ಹೂಂ ಅಂತ ಹೇಳು" ಅಂದರು. ಆಮೇಲೆ ಒಂದು ಕ್ಷಣ ಲೆಕ್ಕ ಹಾಕಿ, "ಇಪ್ಪತ್ತು ನಿಮಿಷ ಲೇಟು ಅಂತಾನೂ ಹೇಳಿಬಿಡು" ಅಂದರು.