ಕೆಂಪು ಕಾಣುವ ಬೆಳಕು

ಮನೆಮನೆಗೆ ಹೋಗಿ ಗಾಯಗಳಿಗೆ ಪಟ್ಟಿ ಕಟ್ಟುವುದು ಅವಳ ಕೆಲಸ. ಆರೋಗ್ಯ ಕೇಂದ್ರದ ಕಡತದಲ್ಲಿ ಅವಳ ಹುದ್ದೆಗೆ ಒಂದೂವರೆ ಸಾಲಿನ ಹೆಸರಿತ್ತು. ರೋಗಿಗಳ ಬಾಯಲ್ಲಿ ಮಾತ್ರ ಅವಳು ಪಟ್ಟಿಯಕ್ಕ. ಅವಳಿಗಿಂತ ಮೂವತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ದಿನಕ್ಕೆ ಎಂಟು ಮನೆ, ಕೆಲವೊಮ್ಮೆ ಹತ್ತು. ಹಾಸಿಗೆ ಹಿಡಿದವರನ್ನು ಮನೆಯ ಅತ್ಯಂತ ಕತ್ತಲೆಯ ಕೋಣೆಯಲ್ಲೇ ಏಕೆ ಮಲಗಿಸುತ್ತಾರೆ ಎಂಬುದು ಇಪ್ಪತ್ತೆರಡು ವರ್ಷಗಳಾದರೂ ಅವಳಿಗೆ ಬಗೆಹರಿದಿರಲಿಲ್ಲ. ಹಾಗಾಗಿ ಕತ್ತರಿ, ಹತ್ತಿ, ಔಷಧಿಯ ಜೊತೆಗೆ ಅವಳ ಕೋಟಿನ ಜೇಬಿನಲ್ಲಿ ಒಂದು ಟಾರ್ಚು ಯಾವಾಗಲೂ ಇರುತ್ತಿತ್ತು.

ಅದು ಎರಡು ಸೆಲ್ಲಿನ ಹಳೇ ಟಾರ್ಚು, ಹಳದಿ ಬೆಳಕಿನದು. ಎರಡು ಕೈಯೂ ಗಾಯದ ಮೇಲೆ ಬೇಕಾದಾಗ ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದಳು. ಒಂದು ದಿನ ಅದರ ಸ್ವಿಚ್ಚು ಒಳಗೇ ಮುರಿದುಹೋಯಿತು. ಮೊಬೈಲ್ ರಿಪೇರಿ ಮಾಡುವ ತಮ್ಮನಿಗೆ ತೋರಿಸಿದರೆ ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು, ಇದಕ್ಕೆ ಇನ್ನು ಮುಕ್ತಿ ಕೊಡು ಎಂದ. ವಾರದೊಳಗೆ ಹೊಸದೊಂದನ್ನು ತಂದುಕೊಟ್ಟ. ಬೆರಳುದ್ದದ್ದು, ಚಾರ್ಜು ಮಾಡುವಂಥದ್ದು, ಜೇಬಿಗೆ ಸಿಕ್ಕಿಸಲು ಕ್ಲಿಪ್ಪೂ ಇತ್ತು. ಅದನ್ನು ಹಚ್ಚಿದರೆ ಎದುರು ಮನೆಯವರು ಕಿಟಕಿ ಪರದೆ ಎಳೆದುಕೊಳ್ಳಬೇಕು, ಅಂಥ ಬೆಳಕು ಎಂದು ಹೆಮ್ಮೆಯಿಂದ ಹೇಳಿದ. ಸುಳ್ಳೇನೂ ಅಲ್ಲ. ಬೆಳಕು ಹಾಲಿಗಿಂತ ಬಿಳಿ, ಸ್ವಲ್ಪ ನೀಲಿಯ ಕಡೆಗೇ ಎನ್ನಬಹುದು. ಅವಳಿಗೂ ಖುಷಿಯಾಯಿತು. ಇಷ್ಟು ವರ್ಷ ಮಬ್ಬಿನಲ್ಲೇ ಕೆಲಸ ಮಾಡಿದೆನಲ್ಲ ಎನ್ನಿಸಿತು.

ಮೂರು ವಾರ ಆ ಟಾರ್ಚನ್ನು ಬಳಸಿದಳು. ಮೂರನೇ ವಾರದ ಸೋಮವಾರ ಸಂಜೆ ದರ್ಜಿಯ ಮನೆಗೆ ಹೋದಳು.

ದರ್ಜಿಗೆ ಅರವತ್ತೆಂಟು ವಯಸ್ಸು. ಮುಂದಿನ ಕೋಣೆ ಅಂಗಡಿ, ಹಿಂದಿನದು ಅವನು ಮಲಗುವ ಕೋಣೆ. ಇದ್ದ ಒಂದು ಕಿಟಕಿಯ ಮುಂದೆ ಹೊಲಿದಿಟ್ಟ ಶಾಲಾ ಸಮವಸ್ತ್ರಗಳು ಸಾಲಾಗಿ ನೇತಾಡುತ್ತಿದ್ದುದರಿಂದ ಮಧ್ಯಾಹ್ನವೂ ಅಲ್ಲಿ ಸಂಜೆಯೇ. ಸಕ್ಕರೆ ಕಾಯಿಲೆಯ ಮನುಷ್ಯ. ಬಲಗಾಲಿನ ಕಿರುಬೆರಳ ಪಕ್ಕದಲ್ಲಿ ಒಂದು ಹುಣ್ಣು ಎರಡು ತಿಂಗಳಿನಿಂದ ವಾಸಿಯಾಗದೆ ಕೂತಿತ್ತು. ಪಾದಗಳಲ್ಲಿ ಸ್ಪರ್ಶವೇ ಇಲ್ಲವಾದ್ದರಿಂದ ನೋವಿನ ಮಾತೇ ಇಲ್ಲ. ನೋವು ಹೇಳಬೇಕಾದ್ದನ್ನು ಕಣ್ಣೇ ಕಂಡುಹಿಡಿಯಬೇಕಿತ್ತು.

ಅವಳು ಪಟ್ಟಿ ಬಿಚ್ಚಿದಳು, ಹೊಸ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ನೋಡಿದಳು. ಹುಣ್ಣಿನ ಅಂಚು ಸ್ವಚ್ಛವಾಗಿತ್ತು. ಸುತ್ತಲಿನ ಚರ್ಮ ಆ ಬೆಳಕಿನಲ್ಲಿ ಬೂದಿ ಬಳಿದಂತೆ ಒಂದೇ ಸಮನಾಗಿತ್ತು. ತೊಳೆದು ಔಷಧಿ ಹಚ್ಚಿ ಕಟ್ಟಿದಳು. ದರ್ಜಿಯ ಮಗಳು ಬಾಗಿಲಲ್ಲಿ ನಿಂತು ಹೇಗಿದೆ ಎಂದು ಕೇಳಿದಾಗ, ಹೋದ ಸಲಕ್ಕಿಂತ ವಾಸಿ ಎಂದಳು. ಗುರುವಾರ ಬರುತ್ತೇನೆ ಎಂದು ಹೇಳಿ ಹೊರಟಳು.

ಬುಧವಾರ ಬೆಳಿಗ್ಗೆ ಮಗಳ ಫೋನು ಬಂತು. ಅಪ್ಪನಿಗೆ ರಾತ್ರಿಯಿಂದ ಚಳಿಜ್ವರ, ಪಾದ ಬಾತು ಪಟ್ಟಿ ಬಿಗಿಯಾಗಿದೆ, ಬಿಸಿಲಿಗೆ ಕರೆತಂದು ನೋಡಿದರೆ ಕೆಂಪು ಕಣಕಾಲಿನವರೆಗೆ ಏರಿದೆ ಎಂದಳು. ಪಟ್ಟಿಯಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದಳು, ತಾನೇ ಗಾಡಿ ಹಿಡಿದು ಆಸ್ಪತ್ರೆಗೆ ಸೇರಿಸಿದಳು. ಕಾಲು ಉಳಿಯಿತು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಉಳಿಯಲಿಲ್ಲ.

ಸೋಮವಾರವೇ ಬಂದಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ಅವಳು ವೈದ್ಯರನ್ನು ಕೇಳಿದಳು. ಹೇಳಲಾಗದು, ಇಂಥ ಸೋಂಕು ಒಂದೇ ದಿನದಲ್ಲೂ ಹಬ್ಬುತ್ತದೆ ಎಂದರು ಅವರು. ಅದು ಅವಳಿಗೆ ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ. ಅಂದು ತಾನು ಕಂಡದ್ದನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಂಡಳು. ಕಂಡದ್ದೇನೋ ನೆನಪಿತ್ತು. ಕಾಣದೆ ಹೋದದ್ದನ್ನು ನೆನಪು ಎಲ್ಲಿಂದ ತರಬೇಕು? ಜೊತೆಗೆ ಇನ್ನೊಂದು ವಿಷಯ ಕೊರೆಯುತ್ತಿತ್ತು. ಹಳೇ ಟಾರ್ಚು ಇದ್ದಾಗ ಅದರ ಬೆಳಕನ್ನು ಪೂರ್ತಿ ನಂಬದೆ ಕೈಯ ಹಿಂಬದಿಯನ್ನು ಚರ್ಮಕ್ಕೆ ತಾಗಿಸಿ ಬಿಸಿ ನೋಡುತ್ತಿದ್ದಳು. ಹೊಸದು ಬಂದ ಮೇಲೆ ಆ ಅಭ್ಯಾಸ ಯಾವಾಗ ಬಿಟ್ಟುಹೋಯಿತೋ ತಿಳಿಯಲೇ ಇಲ್ಲ.

ಹನ್ನೆರಡು ದಿನದ ಮೇಲೆ ದರ್ಜಿ ಮನೆಗೆ ಬಂದ. ಅವಳನ್ನೇ ಮತ್ತೆ ಪಟ್ಟಿ ಕಟ್ಟಲು ಕಳಿಸಿದರು. ಬೇರೆಯವರನ್ನು ಕಳಿಸಿ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಮಗಳು ಬಾಗಿಲು ತೆರೆದು, ಬನ್ನಿ ಎನ್ನದೆ, ಪಕ್ಕಕ್ಕೆ ಸರಿದಳು.

ಪಟ್ಟಿ ಕಟ್ಟಿ ಮುಗಿದ ಮೇಲೆ ಪಟ್ಟಿಯಕ್ಕ ಸ್ಟೂಲಿನ ಮೇಲೆಯೇ ಕೂತಳು. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಹಾರಿಹೋಗಿತ್ತು.

"ಆ ಸೋಮವಾರ ನಾನು ಸರಿಯಾಗಿ ನೋಡ್ಲಿಲ್ಲ. ಕೆಂಪು ಆಗ್ಲೇ ಶುರುವಾಗಿತ್ತು ಅನ್ಸುತ್ತೆ. ನಂಗೆ ಕಾಣ್ಲಿಲ್ಲ. ಕೈ ಇಟ್ಟಾದ್ರೂ ನೋಡ್ಬೇಕಿತ್ತು, ಅದನ್ನೂ ಮಾಡ್ಲಿಲ್ಲ."

ಬಾಗಿಲಲ್ಲಿದ್ದ ಮಗಳು ಸೆರಗಿನಂತೆ ಹೆಗಲ ಮೇಲೆ ಹಾಕಿಕೊಂಡಿದ್ದ ಅಳತೆ ಪಟ್ಟಿಯನ್ನು ಸುತ್ತುತ್ತ ನಿಂತಳು. ಕೊನೆಗೆ ದರ್ಜಿ, ಯಾವ ಬೆಳಕಲ್ಲಿ ನೋಡಿದಿರಿ ಎಂದು ಕೇಳಿದ. ಅವಳು ಟಾರ್ಚನ್ನು ಕೊಟ್ಟಳು. ಅವನು ಅದನ್ನು ಹಚ್ಚಿ, ಮಂಚದ ಪಕ್ಕದ ದಾರದ ಡ್ರಾಯರ್ ಎಳೆದು, ಒಳಗೆ ಬೆಳಕು ಬಿಟ್ಟ. ಅವಳನ್ನು ಬಗ್ಗಿ ನೋಡಲು ಹೇಳಿದ. ಕಂದು ದಾರ, ಇಟ್ಟಿಗೆ ಬಣ್ಣದ ದಾರ, ಕಡುಗೆಂಪು ದಾರ ಅಕ್ಕಪಕ್ಕ ಇದ್ದವು. ಮೂರೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಅವನು ಟಾರ್ಚು ಆರಿಸಿ, ಡ್ರಾಯರನ್ನೇ ಕಳಚಿ ಮಗಳ ಕೈಗೆ ಕೊಟ್ಟು, ಮುಂದಿನ ಬಾಗಿಲಿಗೆ ಒಯ್ಯಲು ಹೇಳಿದ. ಹಗಲಿನಲ್ಲಿ ಮೂರೂ ಬೇರೆ ಬೇರೆಯಾದವು. ಕಡುಗೆಂಪಂತೂ ಎದ್ದು ಕಾಣುತ್ತಿತ್ತು.

"ಇಂಥ ಬೆಳಕಲ್ಲಿ ನಾನು ಒಂದು ಗುಂಡಿನೂ ಹೊಲಿಯಲ್ಲ," ಎಂದ ದರ್ಜಿ. "ಎಲ್ಲಾ ತೋರ್ಸುತ್ತೆ, ಬಣ್ಣ ಮಾತ್ರ ನುಂಗ್ಬಿಡುತ್ತೆ."

ಬಿಳಿ ಚರ್ಮದ ಮೇಲೆ ಕೆಂಪು ಕೂಗಿ ಹೇಳುತ್ತದೆ. ಕಂದು ಚರ್ಮದ ಮೇಲೆ ಪಿಸುಗುಟ್ಟುತ್ತದೆ ಅಷ್ಟೇ. ಇದು ಅವಳಿಗೆ ಗೊತ್ತಿದ್ದ ಸಂಗತಿಯೇ. ಆ ಪಿಸುಮಾತನ್ನೂ ನುಂಗುವ ಬೆಳಕುಗಳಿವೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಅರ್ಥವಾದೊಡನೆ ಎದೆ ಸ್ವಲ್ಪ ಹಗುರಾಯಿತು. ಬಹುಶಃ ಅದು ಮುಖದ ಮೇಲೂ ಕಂಡಿರಬೇಕು, ಯಾಕೆಂದರೆ ಮಗಳು ಆಗಲೇ ಬಾಯಿ ತೆರೆದದ್ದು.

"ಬೆಳಕು ಸರಿ ಇರ್ಲಿಲ್ಲ ಅಂದ್ರೆ ಬೆರಳು ವಾಪಸ್ ಬರುತ್ತಾ?"

ಪಟ್ಟಿಯಕ್ಕ ಇಲ್ಲ ಎಂದಳು. ದರ್ಜಿ ಮಗಳನ್ನು ಗದರಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಒಂದು ರಟ್ಟಿನ ತುಂಡು ತೆಗೆದುಕೊಂಡು, ತಿಳಿ ಗುಲಾಬಿಯಿಂದ ಕಡುಗೆಂಪಿನವರೆಗೆ, ಅಲ್ಲಿಂದ ಕಂದಿನವರೆಗೆ, ಹನ್ನೊಂದು ದಾರಗಳನ್ನು ಒತ್ತೊತ್ತಾಗಿ ಸುತ್ತಿದ. ಟಾರ್ಚು ಕೊಳ್ಳಲು ಹೋಗುವಾಗ ಇದನ್ನು ಒಯ್ಯಿರಿ, ಹನ್ನೊಂದನ್ನೂ ಹನ್ನೊಂದಾಗಿ ತೋರಿಸುವುದನ್ನು ಮಾತ್ರ ತಗೊಳ್ಳಿ ಎಂದ. ಅವನು ಅವಳನ್ನು ಕ್ಷಮಿಸಿದನೋ, ಕೆಲಸ ಬಲ್ಲವನು ಇನ್ನೊಬ್ಬ ಕೆಲಸದವಳಿಗೆ ಹೇಳುವಂತೆ ಸುಮ್ಮನೆ ಹೇಳಿದನೋ, ಅವಳಿಗೆ ತಿಳಿಯಲಿಲ್ಲ.

ಶನಿವಾರ ಅವಳು ಟಾರ್ಚಿನ ಅಂಗಡಿಗೆ ಹೋದಳು. ಸಂತೆಯಂತೆ ತುಂಬಿದ ಬೀದಿಯಲ್ಲಿ, ಬೀಗದ ಅಂಗಡಿ ಮತ್ತು ಗಡಿಯಾರದ ಅಂಗಡಿಯ ನಡುವೆ, ಒಬ್ಬರೇ ನಿಲ್ಲುವಷ್ಟು ಜಾಗ. ಅಂಗಡಿಯವನು ಮಾತಿನ ಮಲ್ಲ. ಎಷ್ಟು ದೂರ ಬೆಳಕು ಬೀಳಬೇಕು ಎಂದು ಕೇಳಿದ. ಒಂದು ಗೇಣು ಸಾಕು ಎಂದಳು. ಅವನು ತಪ್ಪು ಕೇಳಿಸಿತೆಂದು ಮತ್ತೆ ಕೇಳಿದ.

ಅವನು ಹರಡಿದ ಟಾರ್ಚುಗಳನ್ನು ಅವಳು ಒಂದೊಂದಾಗಿ ಗಲ್ಲಾ ಪೆಟ್ಟಿಗೆಯ ಕೆಳಗಿನ ಕತ್ತಲಲ್ಲಿ ಹಚ್ಚಿ ದಾರದ ರಟ್ಟಿನ ಮೇಲೆ ಹಿಡಿದಳು. ಮೊದಲನೆಯದರಲ್ಲಿ ಹನ್ನೊಂದು ಆರಾದವು. ಎರಡನೆಯದು ತಮ್ಮ ಕೊಟ್ಟದ್ದರ ಅಣ್ಣ. ಗುಂಡಿ ಒತ್ತಿದೊಡನೆ ಪೂರ್ತಿ ಬೆಳಕನ್ನೇ ಕಕ್ಕಿತು, ಕಣ್ಣಲ್ಲಿ ಚುಕ್ಕೆ ಕುಣಿದವು. ಮಲಗಿರುವವರ ಮುಖಕ್ಕೆ ಇದು ಬಿದ್ದರೆ ಏನು ಗತಿ ಎಂದುಕೊಂಡು ಬದಿಗಿಟ್ಟಳು. ಇನ್ನೊಂದರ ಗುಂಡಿ ಎಷ್ಟು ಮೆತ್ತಗಿತ್ತೆಂದರೆ ಜೇಬಿನೊಳಗೆ ತಾನೇ ಹೊತ್ತಿಕೊಂಡು ಮಧ್ಯಾಹ್ನದ ಹೊತ್ತಿಗೆ ಚಾರ್ಜು ಖಾಲಿಯಾಗುವುದು ಖಂಡಿತ. ಮತ್ತೊಂದು ಬಣ್ಣ ಚೆನ್ನಾಗಿ ತೋರಿಸಿತು, ಆದರೆ ಚಾರ್ಜು ಮಾಡಲು ಅದನ್ನು ಕೂರಿಸುವ ಅದರದೇ ಒಂದು ತೊಟ್ಟಿಲು ಬೇಕಿತ್ತು. ಮನೆಯಲ್ಲಿ ತೊಟ್ಟಿಲು ಮರೆತ ದಿನ ಟಾರ್ಚು ಮಲಗಿಬಿಡುತ್ತದೆ. ಇನ್ನೂ ಒಂದು ದಪ್ಪನಾಗಿತ್ತು. ಅದನ್ನು ತಿರುಗಿಸಿ ನೋಡುತ್ತ, ಇದು ಬಾಯಲ್ಲಿ ಹಿಡಿಸುವುದಿಲ್ಲ ಎಂದಳು. ಅಂಗಡಿಯವನು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟ. ಅಮ್ಮಾ, ಇಷ್ಟು ವರ್ಷದಲ್ಲಿ ಟಾರ್ಚಿನ ರುಚಿ ಕೇಳಿದವರು ನೀವೊಬ್ಬರೇ ಎಂದ. ಅವಳಿಗೂ ನಗು ಬಂತು. ಎಷ್ಟೋ ದಿನದ ಮೇಲೆ.

ಆಮೇಲೆ ಏನಕ್ಕೆ ಬೇಕೆಂದು ಅವನು ನಿಜವಾಗಿ ಕೇಳಿದ, ಅವಳು ನಿಜವನ್ನೇ ಹೇಳಿದಳು. ಬೆರಳು ಹೋದದ್ದನ್ನೂ ಹೇಳಿದಳು. ಅವನು ಮೇಲಿನ ಅಟ್ಟದಿಂದ ಧೂಳು ಹಿಡಿದ ಒಂದು ಪುಟ್ಟ ಡಬ್ಬಿ ಇಳಿಸಿದ. ಯಾರೂ ಕೊಳ್ಳುವುದಿಲ್ಲ, ಬೆಳಕು ಕಡಿಮೆ ಎನ್ನುತ್ತಾರೆ, ಒಬ್ಬ ಚಿತ್ರಗಾರ ಮಾತ್ರ ಒಯ್ದಿದ್ದ ಎಂದ. ಟಾರ್ಚು ನಡುಬೆರಳಿಗಿಂತ ಸ್ವಲ್ಪ ಉದ್ದ, ಪೆನ್ನಿಗಿಂತ ಸ್ವಲ್ಪ ದಪ್ಪ. ಒತ್ತಿದರೆ ಮೊದಲು ಮೇಣದ ದೀಪದಷ್ಟು, ಮತ್ತೆ ಒತ್ತಿದರೆ ಇನ್ನಷ್ಟು. ಫೋನಿನ ವೈರಿನಿಂದಲೇ ಚಾರ್ಜಾಗುತ್ತಿತ್ತು. ಬೆಳಕು ಸಂಜೆಯ ಬಿಸಿಲಿನಂತೆ ಬೆಚ್ಚಗಿತ್ತು. ರಟ್ಟಿನ ಮೇಲೆ ಹಿಡಿದು ದಾರಗಳನ್ನು ಬೆರಳಿಟ್ಟು ಎಣಿಸಿದಳು. ಹನ್ನೊಂದು. ಅಂಗಡಿಯವನೂ ಬಗ್ಗಿ ಎಣಿಸಿದ, ಅವನಿಗೆ ಹತ್ತೇ ಸಿಕ್ಕವು. ನಂಬದೆ ಮತ್ತೆ ಎಣಿಸಿದ.

ಅದರಲ್ಲೂ ಕೊರತೆಯಿತ್ತು. ಹೆಚ್ಚಿನ ಬೆಳಕಿನಲ್ಲಿಟ್ಟರೆ ಒಂದೂವರೆ ಗಂಟೆಗೆ ಮುಗಿಯುತ್ತದೆ, ಕತ್ತಲೆಯ ಮೆಟ್ಟಿಲು ಹತ್ತಲು ಅಷ್ಟಕ್ಕಷ್ಟೇ. ಆದರೂ ಅದನ್ನೇ ಕೊಂಡಳು. ಮೆಟ್ಟಿಲನ್ನು ತಡವರಿಸಿ ಹತ್ತಬಹುದು ಎಂದು ಲೆಕ್ಕ ಹಾಕಿದಳು.

ತಮ್ಮನಿಗೆ ಅವನ ಟಾರ್ಚು ಹಿಂದಿರುಗಿಸಿದಾಗ ಅವನ ಮುಖ ಸಪ್ಪಗಾಯಿತು. ಅದರಿಂದಲೇ ಬೆರಳು ಹೋಯಿತು ಎಂದು ಅವನು ಭಾವಿಸಿಬಿಡುತ್ತಾನೆಂದು ಅವಳಿಗೆ ಭಯವಿತ್ತು. ನಿನ್ನ ಟಾರ್ಚು ರಸ್ತೆಯದು, ನನ್ನ ಕೆಲಸ ಚರ್ಮದ್ದು, ನಾನೇ ಕೇಳಿ ತಿಳಿದುಕೊಳ್ಳಬೇಕಿತ್ತು ಎಂದಳು. ಅವನು ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟ. ಒಂದೆರಡು ವಾರ ಫೋನು ಕಡಿಮೆ ಮಾಡಿದ, ಆಮೇಲೆ ಸರಿಹೋದ.

ತಿಂಗಳ ಸಭೆಯಲ್ಲಿ ಅವಳು ಉಳಿದ ನರ್ಸುಗಳ ಮುಂದೆ ನಡೆದದ್ದನ್ನೆಲ್ಲ ಹೇಳಿದಳು. ತಪ್ಪನ್ನು ಪೂರ್ತಿ ಟಾರ್ಚಿನ ತಲೆಗೆ ಕಟ್ಟುವುದು ಸುಲಭವಿತ್ತು. ಕೈ ಇಟ್ಟು ನೋಡದ ವಿಷಯವನ್ನೂ ಬಿಡದೆ ಹೇಳಿದಳು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಮುಂದಿನ ಸಲ ಹೋಲಿಸಿ ನೋಡುವ ಹಳೆಯ ಪದ್ಧತಿಯನ್ನು ಮತ್ತೆ ಹಿಡಿಯೋಣ ಎಂದಳು. ಮೇಲ್ವಿಚಾರಕಿ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋದರು. ಆದರೆ ಚಹಾದ ಹೊತ್ತಿಗೆ ಇಬ್ಬರು ಬಂದು, ನಮ್ಮದೂ ನೀಲಿಯೇ, ಆ ಅಂಗಡಿ ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು.

ದರ್ಜಿಯ ಗಾಯ ಮೂರು ತಿಂಗಳಿಗೆ ಕೂಡಿಕೊಂಡಿತು. ಹೊಲಿಗೆ ಯಂತ್ರದ ಪೆಡಲನ್ನು ಬಲಗಾಲಿನಿಂದ ಒತ್ತುವ ಹಾಗಿರಲಿಲ್ಲ. ಎಡಗಾಲಿಗೆ ಕಲಿಸಲು ಹಠ ಹಿಡಿದು ಕೂತ. ಮೊದಲ ವಾರದ ಹೊಲಿಗೆಯೆಲ್ಲ ಹಾವು ಹರಿದಂತೆ ಬಂತೆಂದು ಅವನೇ ಹೇಳಿಕೊಂಡು ನಗುತ್ತಿದ್ದ. ಮಗಳು ಮಾತ್ರ ಪಟ್ಟಿಯಕ್ಕನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು.

ಒಂದು ಮಧ್ಯಾಹ್ನ, ವಾಸಿಯಾದ ಪಾದವನ್ನು ನೋಡಲು ಬಂದವಳು ಎಡಗಾಲನ್ನೂ ಎತ್ತಿ ನೋಡಿದಳು. ಹಿಮ್ಮಡಿಯಲ್ಲಿ ಕಾಸಿನಗಲದ ಒಂದು ಜಾಗ ಕಣ್ಣನ್ನು ತಡೆದಂತಾಯಿತು. ಪೆಡಲಿಗೆ ಉಜ್ಜಿ ಆದದ್ದಿರಬೇಕು. ಕೈ ಇಟ್ಟಳು, ಬೆಚ್ಚಗಿತ್ತು. ಅವಳು ಮಗಳನ್ನು ಕರೆದು, ಟಾರ್ಚು ಅವಳ ಕೈಗೆ ಕೊಟ್ಟು, ಏನು ಕಾಣುತ್ತದೆ ಎಂದು ಕೇಳಿದಳು.

ಮಗಳು ಮೊಣಕಾಲೂರಿ ಬಹಳ ಹೊತ್ತು ನೋಡಿದಳು. "ಇಲ್ಲಿಂದ ಇಲ್ಲಿವರೆಗೆ," ಎಂದು ಬೆರಳಲ್ಲಿ ಸುತ್ತು ಹಾಕಿದಳು. "ಸ್ವಲ್ಪ ಬೇರೆ ಥರ ಇದೆ. ಕೆಂಪು ಅಂತ ಹೇಳೋಕಾಗಲ್ಲ, ಆದ್ರೆ ಬೇರೆ."

"ಅದೇ," ಎಂದಳು ಪಟ್ಟಿಯಕ್ಕ. "ಅದೇ ಕೆಂಪು."

ಪೆನ್ನು ಕೊಟ್ಟು ಅಂಚಿಗೆ ಗೆರೆ ಎಳೆಯಲು ಅವಳಿಗೇ ಹೇಳಿದಳು. ಅಂದೇ ವೈದ್ಯರಿಗೆ ತೋರಿಸಿದರು, ಮಾತ್ರೆ ಶುರುವಾಯಿತು, ಪೆಡಲಿಗೆ ಮೆತ್ತೆ ಬಂತು. ಮಗಳು ದಿನಾ ಬೆಳಿಗ್ಗೆ ಸಂಜೆ ನೋಡಿ ಫೋನು ಮಾಡುತ್ತಿದ್ದಳು. ಗೆರೆಯೊಳಗೇ ಇದೆ, ಇವತ್ತು ಇನ್ನೂ ಒಳಗೆ ಸರಿದಿದೆ ಎಂದು ವರದಿ ಕೊಡುತ್ತಿದ್ದಳು. ಹತ್ತನೇ ದಿನ ಚರ್ಮ ಎಂದಿನಂತಾಯಿತು.

ಅಂದು ಪಟ್ಟಿಯಕ್ಕ ಹೊರಟಾಗ ಮಗಳು ಬೀದಿಯ ತಿರುವಿನವರೆಗೆ ಜೊತೆಗೆ ಬಂದಳು. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಸಕ್ಕರೆ ಕಾಯಿಲೆ ತಂದೆಯಿಂದ ಮಕ್ಕಳಿಗೆ ಬರುತ್ತದೆಯೇ, ತಾನು ಯಾವಾಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಅವಳು ಕೇಳಿದಳು. ಪಟ್ಟಿಯಕ್ಕ ಅಲ್ಲೇ ನಿಂತು, ಬಸ್ಸು ಒಂದು ಹೋದರೂ ಗಮನಿಸದೆ, ವಿವರವಾಗಿ ಹೇಳಿದಳು.